ನಾಲ್ಕು ಬೋಲ್ಟುಗಳ ಲೆಕ್ಕ

ವಿಮಾನದ ನಟ್ಟು-ಬೋಲ್ಟುಗಳ ವಿದ್ಯೆಯಲ್ಲಿ ನನಗೆ ಬಹಳ ಹಿಡಿಸುವುದು ಅದರ ಅಪನಂಬಿಕೆ. ಎಷ್ಟೇ ಬಿಗಿದರೂ ನಟ್ಟು ಅದುರಾಟಕ್ಕೆ ಸಡಿಲವಾಗಿಯೇ ತೀರುತ್ತದೆ ಎಂದುಕೊಂಡೇ ಇಲ್ಲಿ ಕೆಲಸ ಶುರು. ಕ್ಯಾಸಲ್ ನಟ್ಟಿನ ತಲೆಯಲ್ಲಿ ಸುತ್ತಲೂ ಕಚ್ಚುಗಳು. ಬೋಲ್ಟಿನ ತುದಿಯ ತೂತು ಒಂದು ಕಚ್ಚಿಗೆ ಎದುರಾಗುವಂತೆ ತಿರುಗಿಸಿ, ಸ್ಪ್ಲಿಟ್ ಪಿನ್ ತೂರಿಸಿ, ಅದರ ಎರಡು ಕಾಲುಗಳನ್ನು ಅತ್ತಿತ್ತ ಮಡಚುತ್ತಾರೆ. ಇನ್ನು ಪಿನ್ ಮುರಿಯದೆ ನಟ್ಟು ಕಳಚಿಕೊಳ್ಳುವಂತಿಲ್ಲ. ಬೇರೆ ಕಡೆ ಲಾಕ್‌ವೈರ್: ಬೋಲ್ಟ್ ಸಡಿಲವಾಗಲು ಹೊರಟರೆ ಹೆಣೆದ ತಂತಿ ಅದನ್ನು ಬಿಗಿಯುವ ದಿಕ್ಕಿಗೇ ಜಗ್ಗುತ್ತದೆ.

ಆದರೆ ಈ ಜಾಣತನವೆಲ್ಲ ಬೋಲ್ಟ್ ಅಲ್ಲಿ ಇದ್ದರೆ ತಾನೆ?

2024ರ ಜನವರಿ 5ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಿಂದ ಮೇಲೇರುತ್ತಿದ್ದ ಅಲಾಸ್ಕಾ ಏರ್‌ಲೈನ್ಸ್‌ನ ಬೋಯಿಂಗ್ 737 ಮ್ಯಾಕ್ಸ್ 9 ವಿಮಾನದ ಎಡಬದಿಯ ಡೋರ್ ಪ್ಲಗ್ ಸುಮಾರು 14,800 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಹೆಚ್ಚುವರಿ ತುರ್ತು ಬಾಗಿಲು ಬೇಡವೆಂದ ಕಂಪನಿಗಳಿಗೆ ಆ ಜಾಗವನ್ನು ಮುಚ್ಚಿಕೊಡುವ ಹಲಗೆ ಅದು. ಒಳಗೆ ಕೂತವರಿಗೆ ಎಲ್ಲ ಕಿಟಕಿಗಳ ಹಾಗೇ ಒಂದು ಕಿಟಕಿ. ಪಕ್ಕದ ಎರಡು ಸೀಟು ಖಾಲಿಯಿದ್ದವು. ವಿಮಾನದಲ್ಲಿದ್ದ 177 ಮಂದಿಯೂ ಬದುಕಿದರು.

ಈ ಪ್ಲಗ್ಗಿನ ವಿನ್ಯಾಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕ್ಯಾಬಿನ್ನಿನ ಗಾಳಿ ಅದನ್ನು ಹೊರಕ್ಕೆ ಒತ್ತುತ್ತದೆ. ಆ ಒತ್ತಡವನ್ನು ಹೊರುವುದು ಬೋಲ್ಟುಗಳಲ್ಲ, ಅಂಚಿನ 12 ತಡೆಗಳು. ನಾಲ್ಕು ಬೋಲ್ಟುಗಳಿಗೆ ಇರುವುದು ಒಂದೇ ಕೆಲಸ: ಪ್ಲಗ್ ಮೇಲಕ್ಕೆ ಜಾರಿ ತಡೆಗಳಿಂದ ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳುವುದು. ಸೊಗಸಾದ ಏರ್ಪಾಡೇ. ದೋಷವೂ ಇಲ್ಲೇ ಇದೆ. ಬೋಲ್ಟ್ ಇಲ್ಲದಿದ್ದರೂ ಪ್ಲಗ್ ತನ್ನ ಜಾಗದಲ್ಲಿ ನೆಟ್ಟಗೆ ಕೂತಿರುತ್ತದೆ, ಗಾಳಿಯನ್ನೂ ಹಿಡಿದಿಡುತ್ತದೆ. 2023ರ ಅಕ್ಟೋಬರ್ ಕೊನೆಗೆ ಕೈಸೇರಿದ ಆ ವಿಮಾನ ಎರಡು ತಿಂಗಳಿಗೂ ಮಿಕ್ಕಿ ಹಾಗೆಯೇ ಹಾರಾಡಿತು.

ಅದಕ್ಕೂ ಮೊದಲು ಬೋಯಿಂಗಿನ ರೆಂಟನ್ ಕಾರ್ಖಾನೆಯಲ್ಲಿ, ಹತ್ತಿರದ ಐದು ಹಾಳಾದ ರಿವೆಟ್‌ಗಳನ್ನು ಸರಿಪಡಿಸಲು ಪ್ಲಗ್ ತೆರೆದಿದ್ದರು. ಮತ್ತೆ ಮುಚ್ಚಿದಾಗ ಬೋಲ್ಟ್ ಹಾಕಲಿಲ್ಲ. ತೆರೆದದ್ದಕ್ಕೂ ಮುಚ್ಚಿದ್ದಕ್ಕೂ ದಾಖಲೆಯಿಲ್ಲ. ದಾಖಲೆಯೇ ಇಲ್ಲದ ಕೆಲಸವನ್ನು ತಪಾಸಣೆ ಮಾಡುವವರು ಯಾರು? ತನಿಖೆಯಲ್ಲಿ ಸಿಕ್ಕ ಒಂದು ಫೋಟೋದಲ್ಲಿ ಮೂರು ಬೋಲ್ಟುಗಳ ಜಾಗ ಖಾಲಿ ಕಾಣುತ್ತದೆ, ನಾಲ್ಕನೆಯದು ಇನ್ಸುಲೇಷನ್ ಹೊದಿಕೆಯಡಿ ಮರೆಯಾಗಿದೆ. ಕಾರ್ಖಾನೆಯವರೇ ತಮ್ಮತಮ್ಮಲ್ಲಿ ಹಂಚಿಕೊಂಡ ಫೋಟೋ ಅದು! ಅಂದಹಾಗೆ, ಈ ಬೋಲ್ಟುಗಳಿಗೂ ಕ್ಯಾಸಲ್ ನಟ್, ಸ್ಪ್ಲಿಟ್ ಪಿನ್ ಎರಡೂ ನಿಗದಿಯಾಗಿದ್ದವು.

1990ರ ಜೂನ್ 10ರ ಬ್ರಿಟಿಷ್ ಏರ್‌ವೇಸ್ ಪ್ರಕರಣ ಇದರ ಇನ್ನೊಂದು ಮುಖ. ಅಲ್ಲಿ ಬೋಲ್ಟುಗಳೇನೋ ಇದ್ದವು, ಅಳತೆ ತಪ್ಪಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿ ವಿಮಾನದ ಮುಂಗಾಜು ಬದಲಿಸುವಾಗ, ಹೊಸ ಬೋಲ್ಟುಗಳನ್ನು ಹಿಂದಿನ ಬೋಲ್ಟಿನ ಪಕ್ಕ ಹಿಡಿದು, ಕಣ್ಣಳತೆಯಲ್ಲಿ ಆರಿಸಿದ್ದರು. ಮುಂಗಾಜಿನ 90 ಬೋಲ್ಟುಗಳಲ್ಲಿ 84 ಸುಮಾರು 0.66 ಮಿಲಿಮೀಟರಿನಷ್ಟು ಸಪೂರ. ಗಾಜನ್ನು ಹೊರಗಿನಿಂದ ಕೂರಿಸುವ ವಿನ್ಯಾಸವಾದ್ದರಿಂದ ಒಳಗಿನ ಒತ್ತಡವೆಲ್ಲ ಬೋಲ್ಟಿನ ಮೇಲೇ ಬಿತ್ತು. ಗಾಜು ಹಾರಿತು, ಕ್ಯಾಪ್ಟನ್ ಟಿಮ್ ಲ್ಯಾಂಕಾಸ್ಟರ್ ಅರ್ಧ ದೇಹ ಹೊರಗೆ ನೇತಾಡಿದರು, ಸಹಪೈಲಟ್ ವಿಮಾನವನ್ನು ಸೌತಾಂಪ್ಟನ್ನಿನಲ್ಲಿ ಇಳಿಸಿದರು. ಕ್ಯಾಪ್ಟನ್ ಉಳಿದುಕೊಂಡದ್ದು ಪುಣ್ಯ.

ಎರಡನ್ನೂ ತೂಗಿದರೆ ಬೋಯಿಂಗಿನ ತಪ್ಪೇ ದೊಡ್ಡದು ಎನ್ನುತ್ತೇನೆ. ಬರ್ಮಿಂಗ್‌ಹ್ಯಾಮಿನ ರಾತ್ರಿಪಾಳಿಯಲ್ಲಿ ಎಡವಿದ್ದು ಒಬ್ಬರ ಕೈ. ರೆಂಟನ್ನಿನಲ್ಲಿ ಎಡವಿದ್ದು ಕೈಗಳನ್ನು ಕಾಯಬೇಕಿದ್ದ ವ್ಯವಸ್ಥೆ. ಅಮೆರಿಕದ ತನಿಖಾ ಮಂಡಳಿಯೂ ತರಬೇತಿ, ಮಾರ್ಗದರ್ಶನ, ಮೇಲ್ವಿಚಾರಣೆಗಳ ಕೊರತೆಯನ್ನೇ ಕಾರಣವೆಂದು ಹೇಳಿತು.

ಬೆಂಗಳೂರು, ಬೆಳಗಾವಿಗಳಲ್ಲಿ ಈಗ ವಿಮಾನದ ಬಿಡಿಭಾಗಗಳು ತಯಾರಾಗುತ್ತಿವೆ. ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಟಾರ್ಕ್ ರೆಂಚ್ ಕೊಡುವ ಮೊದಲು ಈ ಎರಡು ತನಿಖಾ ವರದಿಗಳನ್ನು ಓದಿಸಬೇಕು. ಎರಡೂ ಪುಕ್ಕಟೆ ಸಿಗುತ್ತವೆ.