ಕುಚ್ಚಲಕ್ಕಿಗೆ ಕಾಲಂ ಇಲ್ಲ

2025ರ ಜುಲೈಯಲ್ಲಿ ಕೇಂದ್ರದ ಸಾಂಖ್ಯಿಕ ಸಚಿವಾಲಯ ಭಾರತೀಯರ ಪೋಷಕಾಂಶ ಸೇವನೆಯ ವರದಿ ಬಿಡುಗಡೆ ಮಾಡಿತು. ಅದರ ಪ್ರಕಾರ 2023-24ರಲ್ಲಿ ಹಳ್ಳಿಯವರು ದಿನಕ್ಕೆ ಸರಾಸರಿ 2,212 ಕಿಲೋಕ್ಯಾಲರಿ ತಿಂದಿದ್ದಾರೆ, ಪೇಟೆಯವರು 2,240. ಹಿಂದಿನ ವರ್ಷ ಈ ಅಂಕಿ 2,233 ಮತ್ತು 2,250 ಇತ್ತು. ಹಳ್ಳಿಗೂ ಪೇಟೆಗೂ ಅಂಥಾ ವ್ಯತ್ಯಾಸ ಏನಿಲ್ಲವಲ್ಲ ಅಂತ ಖುಷಿಪಟ್ಟು ಮುಂದಿನ ಸುದ್ದಿಗೆ ಹೋಗಬಹುದಿತ್ತು. ಆದರೆ ನನಗೆ ವರದಿಗಿಂತ ಅದರ ಹಿಂದಿರುವ ಪ್ರಶ್ನಾವಳಿ ಓದುವ ಚಟ. ಯಾವ ಪ್ರಶ್ನೆ ಕೇಳಿದರು, ಯಾವುದನ್ನು ಕೇಳಲೇ ಇಲ್ಲ ಅನ್ನುವುದರಲ್ಲಿ ಅರ್ಧ ಉತ್ತರ ಇರುತ್ತದೆ. ಕಾದಂಬರಿಯನ್ನು ವಿಮರ್ಶೆ ಮಾಡುವ ಹಾಗೆ ಇದನ್ನೂ ಮಾಡಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅಡುಗೆಮನೆಗಳನ್ನು ಮನಸ್ಸಲ್ಲಿ ಇಟ್ಟುಕೊಂಡು ಓದಿದರಂತೂ ಪುಟಪುಟಕ್ಕೂ ತಡೆದು ನಿಲ್ಲಬೇಕಾಗುತ್ತದೆ.

ಈ ಕ್ಯಾಲರಿ ಲೆಕ್ಕ ಬರುವುದು ಗೃಹ ಬಳಕೆ ವೆಚ್ಚ ಸಮೀಕ್ಷೆಯಿಂದ. ಯಾರೂ ನಿಮ್ಮ ತಟ್ಟೆಯನ್ನು ತೂಗುವುದಿಲ್ಲ. ಮನೆಗೆ ಬಂದವರು ಒಂದು ಪಟ್ಟಿ ಹಿಡಿದು, ಅಕ್ಕಿ ಎಷ್ಟು, ಬೇಳೆ ಎಷ್ಟು, ಎಣ್ಣೆ ಎಷ್ಟು ಅಂತ ಕೇಳುತ್ತಾರೆ. ಧಾನ್ಯ ಬೇಳೆಗಳಿಗೆ ಕಳೆದ 30 ದಿನದ ಲೆಕ್ಕ, ತರಕಾರಿ ಮೀನು ಮೊಟ್ಟೆಗೆ ಕಳೆದ 7 ದಿನದ ಲೆಕ್ಕ. ಆಮೇಲೆ ಪ್ರತಿ ಪದಾರ್ಥವನ್ನೂ ಒಂದು ಅಂಕಿಯಿಂದ ಗುಣಿಸಿ ಕ್ಯಾಲರಿ, ಪ್ರೋಟೀನು, ಕೊಬ್ಬು ಮಾಡುತ್ತಾರೆ. 2022-23ರಲ್ಲಿ 2,61,746 ಮನೆಗಳಿಗೆ ಹೋಗಿದ್ದರು. ಸಣ್ಣ ಕೆಲಸ ಅಲ್ಲ ಅದು. 2011-12ರಲ್ಲಿ 347 ಐಟಂ ಇದ್ದ ಪಟ್ಟಿ ಈಗ 405 ಆಗಿದೆ, ಬುನಾದಿ ಮಾತ್ರ ಹಳೆಯದೇ.

ಆ ಹಳೆಯ ಪಟ್ಟಿಯ ಮೊದಲ ಸಾಲುಗಳನ್ನು ನೋಡಿ. ರೇಷನ್ ಅಕ್ಕಿ, ಬೇರೆ ಕಡೆಯ ಅಕ್ಕಿ. ಅದರ ಕೆಳಗೆ ಚಿರಾ, ಖೋಯಿ, ಮುರಿ, ಅಂದರೆ ಅವಲಕ್ಕಿ, ಅರಳು, ಮಂಡಕ್ಕಿ. ಮೂರಕ್ಕೂ ಬೇರೆ ಬೇರೆ ಸಾಲು, ಬೇರೆ ಬೇರೆ ಕೋಡ್ ನಂಬರು. ಎನ್‌ಎಸ್‌ಎಸ್ ಹುಟ್ಟಿದ್ದು 1950ರಲ್ಲಿ ಮಹಲನೋಬಿಸ್ ಅವರ ಕೈಯಲ್ಲಿ, ಕಲ್ಕತ್ತೆಯ ನೆರಳಲ್ಲಿ. ಬಂಗಾಳದ ಸಂಜೆ ತಿಂಡಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಅದರಿಂದಲೇ ಇರಬೇಕು ಅಂತ ನನ್ನ ಗುಮಾನಿ. ನಮ್ಮ ಸಜ್ಜಿಗೆ-ಬಜಿಲಿನ ಬಜಿಲ್ ಕೂಡ ಆ ‘ಚಿರಾ’ದೊಳಗೆ ಸೇರಿಕೊಳ್ಳುತ್ತದೆ, ತಕರಾರಿಲ್ಲ. ಆದರೆ ಕುಚ್ಚಲಕ್ಕಿ ಎಲ್ಲಿ? ಇಲ್ಲ. ಬೆಳ್ತಿಗೆಯೂ ಕುಚ್ಚಲಕ್ಕಿಯೂ ಆ ಪಟ್ಟಿಗೆ ಒಂದೇ ಅಕ್ಕಿ. ಗುಣಿಸುವ ಅಂಕಿಯೂ ಒಂದೇ. 2011-12ರಲ್ಲಿ ಕಿಲೋಗೆ 3,460 ಕಿಲೋಕ್ಯಾಲರಿ.

ಇದರಲ್ಲೇನು ಮಹಾ, ಎರಡೂ ಅಕ್ಕಿಯೇ ಅಲ್ವಾ ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಕ್ಯಾಲರಿಯ ಮಟ್ಟಿಗೆ ಹೌದು, ಅಂಥಾ ವ್ಯತ್ಯಾಸ ಇಲ್ಲ. ಆದರೆ ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ1 ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ಲಿಗೆ ಹಾಕಿ ಪಾಲಿಶ್ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಬೆಳ್ತಿಗೆಯಲ್ಲಿ ಅದು ತೌಡಿನ ಜೊತೆಗೇ ಹೊರಟುಹೋಗುತ್ತದೆ. ಆಂಧ್ರದ ಉತ್ತರ ಕರಾವಳಿಯಲ್ಲಿ ಪಾಲಿಶ್ ಮಾಡಿದ ಬೆಳ್ತಿಗೆ ಉಣ್ಣುವವರಿಗೆ ಬೆರಿಬೆರಿ ರೋಗ ಬರುತ್ತಿತ್ತು, ಕುಚ್ಚಲಕ್ಕಿ ಉಣ್ಣುವ ಕಡೆ ಅದು ಇಲ್ಲವೆಂಬಷ್ಟು ಕಡಿಮೆ. 1930ರ ದಶಕದಲ್ಲಿ ಕೂನೂರಿನ ಪ್ರಯೋಗಾಲಯದಲ್ಲಿ ಅಕ್ರಾಯ್ಡ್ ಮತ್ತು ಜೊತೆಗಾರರು ಕೂತು ನೋಡಿದ್ದು ಇದನ್ನೇ. ಆ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಯಿತು. ಆ ಸಂಸ್ಥೆಯ 2017ರ ಆಹಾರ ಕೋಷ್ಟಕದಲ್ಲಿ 528 ಪದಾರ್ಥ ಇವೆ. ಅದರಲ್ಲಿ ಕುಚ್ಚಲಕ್ಕಿಗೆ ಒಂದು ಸಾಲು, ಬೆಳ್ತಿಗೆಗೆ ಇನ್ನೊಂದು ಸಾಲು. ಅಂದರೆ ಹೈದರಾಬಾದಿನ ಲ್ಯಾಬಿಗೆ ಗೊತ್ತಿರುವುದು ಮನೆಬಾಗಿಲಿಗೆ ಬರುವ ಪಟ್ಟಿಗೆ ಗೊತ್ತಿಲ್ಲ. ವರದಿ ಕೊಡುವುದು ಕ್ಯಾಲರಿ, ಪ್ರೋಟೀನು, ಕೊಬ್ಬು ಅಷ್ಟೇ ಆದ್ದರಿಂದ ಯಾರಿಗೂ ಇದರ ಕೊರತೆ ಕಾಣುವುದೂ ಇಲ್ಲ.

ಕಾಣದಿದ್ದರೆ ಏನಾಗುತ್ತದೆ ಅಂದರೆ, ರೇಷನ್ ಅಂಗಡಿಗೆ ಬೆಳ್ತಿಗೆ ಬರುತ್ತದೆ. ದಕ್ಷಿಣ ಕನ್ನಡ, ಉಡುಪಿಯವರು ಕುಚ್ಚಲಕ್ಕಿ ಕೊಡಿ ಅಂತ ಕೇಳುತ್ತಾ ಬಂದು ಎಷ್ಟು ವರ್ಷ ಆಯಿತೋ. ಎಲ್ಲ ಪಕ್ಷದವರೂ ಭರವಸೆ ಕೊಟ್ಟಿದ್ದಾರೆ. ಅಷ್ಟರವರೆಗೆ ರೇಷನಿನದ್ದು ದೋಸೆಗೆ, ಕಡುಬಿಗೆ, ಉಳಿದದ್ದು ಕೋಳಿಗೆ. ಗಂಜಿಗೆ ಬೇಕಾದ ಕುಚ್ಚಲಕ್ಕಿಯನ್ನು ದುಡ್ಡು ಕೊಟ್ಟು ಅಂಗಡಿಯಿಂದ ತರುವುದು. ದೆಹಲಿಯ ಲೆಕ್ಕದಲ್ಲಿ ಈ ಮನೆಗೆ ಅಕ್ಕಿ ಪುಕ್ಕಟೆ ಸಿಕ್ಕಿದೆ. ಮನೆಯ ಲೆಕ್ಕದಲ್ಲಿ ತಿಂಗಳ ದೊಡ್ಡ ಖರ್ಚೇ ಅಕ್ಕಿ.

ಪಟ್ಟಿಯಲ್ಲಿ ಮುಂದಕ್ಕೆ ಹೋದರೆ ಇನ್ನೂ ಮಜಾ ಇದೆ. ತೆಂಗಿನಕಾಯಿ ಇರುವುದು ಹಣ್ಣುಗಳ ಗುಂಪಿನಲ್ಲಿ, ಬಾಳೆಹಣ್ಣು ಅನಾನಸಿನ ಪಕ್ಕ. ಬೆಳಿಗ್ಗೆ ಚಟ್ನಿಗೆ ಅರ್ಧ, ಮಧ್ಯಾಹ್ನ ಗಸಿಗೆ ಒಂದು ಅಂತ ಕಾಯಿ ಒಡೆಯುವ ಊರಿನವರು ಈ ಲೆಕ್ಕದಲ್ಲಿ ಹಣ್ಣು ತಿನ್ನುವ ಆರೋಗ್ಯವಂತರು! ಮನೋಳಿ, ಅಂದರೆ ತೊಂಡೆಕಾಯಿ, ‘ಕುಂದ್ರು’ ಎಂಬ ಹೆಸರಿನಲ್ಲಿ ಪರವಲ್ ಜೊತೆ ಒಂದೇ ಸಾಲಿನಲ್ಲಿದೆ. ಸೊಪ್ಪುಗಳಿಗೆಲ್ಲ ಸೇರಿ ಒಂದು ಸಾಲು: ‘ಪಾಲಕ್ ಮತ್ತು ಇತರ’. ಬಸಳೆ, ಹರಿವೆ, ನುಗ್ಗೆ, ಆಟಿ ತಿಂಗಳಲ್ಲಿ ತಿನ್ನುವ ತಜಂಕ್, ಪತ್ರೊಡೆಯ ಕೆಸುವಿನೆಲೆ, ತಿಮರೆ, ಎಲ್ಲವೂ ಇತರ. ಹಿತ್ತಲಿನಿಂದ ಕಿತ್ತು ತಂದದ್ದಕ್ಕೂ ಒಂದು ದರ ಹಾಕಿ ಬೆಲೆ ಕಟ್ಟಬೇಕು ಅಂತ ನಿಯಮ ಇದೆ. ತಜಂಕಿಗೆ ಯಾವ ಅಂಗಡಿಯ ದರ ಹಾಕುತ್ತೀರಿ?

ಮೀನು, ಸಿಗಡಿ ಎಲ್ಲ ಸೇರಿ ಒಂದೇ ಐಟಂ. ಬೂತಾಯಿ, ಬಂಗುಡೆ, ಕಾಣೆ, ಅಂಜಲ್ ಎಲ್ಲವೂ ‘ಮೀನು’. ಬಂಟ್ವಾಳ ಪೇಟೆಯ ಮೀನು ಮಾರ್ಕೆಟ್ಟಿಗೆ ಒಂದು ಬೆಳಿಗ್ಗೆ ಹೋದವರಿಗೂ ಗೊತ್ತು, ಬೂತಾಯಿ ಕೊಳ್ಳುವ ಮನೆಯೂ ಅಂಜಲ್ ಕೊಳ್ಳುವ ಮನೆಯೂ ಒಂದೇ ಅಲ್ಲ. ಜೂನ್ ಜುಲೈಯಲ್ಲಿ ಟ್ರಾಲ್ ಬೋಟುಗಳಿಗೆ 61 ದಿನದ ರಜೆ. ಆಗ ಘಟ್ಟದ ಬುಡದ ಊರುಗಳಲ್ಲಿ ಒಣಮೀನಿನ ಚಟ್ನಿಯೇ ಗತಿ. ಕಳೆದ 7 ದಿನದಲ್ಲಿ ಏನು ತಿಂದಿರಿ ಎಂಬ ಪ್ರಶ್ನೆಗೆ ಬೆಳ್ತಂಗಡಿಯ ಒಂದು ಮನೆ ಜುಲೈಯಲ್ಲಿ ಕೊಡುವ ಉತ್ತರಕ್ಕೂ ಡಿಸೆಂಬರಿನಲ್ಲಿ ಕೊಡುವ ಉತ್ತರಕ್ಕೂ ಸಂಬಂಧವೇ ಇರುವುದಿಲ್ಲ. ವರ್ಷಪೂರ್ತಿ ಸಮೀಕ್ಷೆ ನಡೆಯುವುದರಿಂದ ದೇಶದ ಸರಾಸರಿಗೆ ಇದು ಸರಿಹೋಗುತ್ತದೆ. ಆದರೆ ಒಂದು ತಾಲೂಕಿಗೆ ಸಿಗುವುದು ಬೆರಳೆಣಿಕೆಯ ಮನೆಗಳು. ಈಚೆಗಷ್ಟೇ ತಾಲೂಕಾದ ಮೂಡುಬಿದಿರೆಯ ಊಟ ಹೇಗಿದೆ ಅಂತ ಈ ವರದಿಯಿಂದ ತಿಳಿಯುವ ದಾರಿ ಇಲ್ಲ.

ಮೂಡುಬಿದಿರೆ ಅಂದಾಗ ನೆನಪಾಯಿತು. ಈ ಸಮೀಕ್ಷೆಗಳ ಹಳೆಯ ನಿಯಮದ ಪ್ರಕಾರ ಹಾಸ್ಟೆಲಿನಲ್ಲಿ ಇರುವ ಪ್ರತಿಯೊಬ್ಬರೂ ಒಂದೊಂದು ಪ್ರತ್ಯೇಕ ‘ಮನೆ’. ವಿದ್ಯಾಗಿರಿ, ಉಜಿರೆಯಂಥ ಕಡೆ ಎಷ್ಟು ಸಾವಿರ ಮನೆಗಳಾದವು ಲೆಕ್ಕ ಹಾಕಿ. ಮದುವೆ, ನೇಮದ ಊಟದ ಲೆಕ್ಕ ಉಂಡವರ ಹೆಸರಿಗಲ್ಲ, ಬಡಿಸಿದ ಮನೆಯ ಹೆಸರಿಗೆ. ಧರ್ಮಸ್ಥಳದ ಅನ್ನಛತ್ರ ಯಾರ ಮನೆಯೂ ಅಲ್ಲ. ಇರ್ಲಿ ಬಿಡಿ, ಎಲ್ಲಿಯಾದರೂ ಒಂದು ಗೆರೆ ಎಳೆಯಲೇಬೇಕು.

ತಲೆಬರಹಗಳ ಬಗ್ಗೆ ಮಾತ್ರ ಬಿಡುವ ಹಾಗಿಲ್ಲ. 2022-23ರಲ್ಲಿ ಹಳ್ಳಿಯವರು ತಮ್ಮ ಒಟ್ಟು ಖರ್ಚಿನಲ್ಲಿ ಧಾನ್ಯಕ್ಕೆ ಶೇ. 4.91 ಹಾಕಿದರೆ, ‘ಪಾನೀಯ, ಸಂಸ್ಕರಿತ ಆಹಾರ’ಕ್ಕೆ ಶೇ. 9.62 ಹಾಕಿದ್ದಾರೆ. ಪೇಟೆಯಲ್ಲಿ 3.64 ಮತ್ತು 10.64. ಇದನ್ನು ಓದಿದ ಕೂಡಲೇ ಹಳ್ಳಿಯವರೂ ಚಿಪ್ಸು ಕೋಲಾಕ್ಕೆ ಬಿದ್ದರು ಅಂತ ಪ್ರವಚನ ಶುರು. ಸ್ವಲ್ಪ ತಡೀರಿ. ಆ ಗುಂಪಿನೊಳಗೆ ಹೋಟೆಲಿನ ಚಾ ಇದೆ, ಬನ್ಸ್ ಇದೆ, ಗೋಳಿಬಜೆ ಇದೆ, ಕೆಲಸಕ್ಕೆ ಹೋದವರು ಮಧ್ಯಾಹ್ನ ದುಡ್ಡು ಕೊಟ್ಟು ಉಂಡ ಊಟವೂ ಇದೆ. ಬಿ.ಸಿ. ರೋಡಿನ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ಮೀನು ಸಾರು ಉಂಡ ಗಾರೆ ಕೆಲಸದವರೂ, ಇಂದಿರಾನಗರದಲ್ಲಿ ರಾತ್ರಿ 11ಕ್ಕೆ ಆ್ಯಪ್‌ನಲ್ಲಿ ಬರ್ಗರ್ ತರಿಸಿದ ನೀವೂ ಒಂದೇ ಗುಂಪು. ಕೂಲಿ ಸಿಗುವ ಜಾಗ ಮನೆಯಿಂದ ದೂರ ಹೋಗಿದೆ ಎಂಬುದನ್ನು ಆ 9.62 ಹೇಳುತ್ತಿರಬಹುದು, ನಾಲಿಗೆ ಕೆಟ್ಟಿದೆ ಎಂಬುದನ್ನು ಹೇಳುತ್ತಿರಬಹುದು. ಯಾವುದು ಅಂತ ಆ ಒಂದು ಅಂಕಿಯಿಂದ ತಿಳಿಯುವುದಿಲ್ಲ.

ಇದೆಲ್ಲ ಪಟ್ಟಿ ತಿದ್ದಿದರೆ ಸರಿಹೋಗುವ ವಿಷಯ. ಸರಿಹೋಗದ ವಿಷಯ ಬೇರೆ ಇದೆ. ಈ ಸಮೀಕ್ಷೆಯ ಕಣ್ಣಿಗೆ ಕಾಣುವುದು ಮನೆ. ಮನೆಯೊಳಗಿನ ಜನ ಕಾಣುವುದಿಲ್ಲ. ಬಂದ ಅಕ್ಕಿಯನ್ನು, ಮೀನನ್ನು ತಲೆಗಳಿಗೆ ಭಾಗಿಸಿದರೆ ಸರಾಸರಿ ಬಂತು. ಬಂಟ್ವಾಳ, ಬೆಳ್ತಂಗಡಿಯ ಹಳ್ಳಿಗಳಲ್ಲಿ ಇಡೀ ದಿನ ಬೀಡಿ ಕಟ್ಟಿ, ಎಲ್ಲರಿಗೂ ಬಡಿಸಿ, ಕೊನೆಗೆ ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡು ಕೂರುವ ಹೆಂಗಸು ಆ ಭಾಗಾಕಾರದಲ್ಲಿ ಸಮಪಾಲು ಪಡೆದಿರುತ್ತಾಳೆ. ಕಾಗದದ ಮೇಲೆ.

ಆಳುಗಳನ್ನು ಬಿಡಿಬಿಡಿಯಾಗಿ ನೋಡುವುದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅದರ ಐದನೇ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಶೇ. 47.8, ಗಂಡಸರಲ್ಲಿ ಶೇ. 19.6. ಹೆಂಗಸರಿಗೆ ಇಟ್ಟ ಗೆರೆಯೇ ಕೆಳಗಿನದು, ಹಿಮೋಗ್ಲೋಬಿನ್ 12 ಗ್ರಾಂ, ಗಂಡಸರಿಗೆ 13. ಗೆರೆ ತಗ್ಗಿಸಿದರೂ ಅರ್ಧದಷ್ಟು ಹೆಂಗಸರು ಅದಕ್ಕಿಂತ ಕೆಳಗೆ. ಮುಟ್ಟು, ಹೆರಿಗೆಯ ಕಾರಣಗಳು ಇವೆ, ಒಪ್ಪೋಣ. ಅಷ್ಟೇ ಆಗಿದ್ದರೆ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಯಾಕೆ? ಇದೇ ಸಮೀಕ್ಷೆಯಲ್ಲಿ ಮೀನು, ಕೋಳಿ, ಮಾಂಸ ಎಂದೂ ತಿನ್ನುವುದಿಲ್ಲ ಅಂದವರು ದೇಶದ ಹೆಂಗಸರಲ್ಲಿ ಶೇ. 29ರಷ್ಟು, ಗಂಡಸರಲ್ಲಿ ಶೇ. 17ರಷ್ಟು. ಬೇರೆ ದೇಶದವರಲ್ಲ, ಒಂದೇ ಮನೆಗಳ ಗಂಡಸರು, ಹೆಂಗಸರು. ಹೇಳುವುದಕ್ಕೂ ತಿನ್ನುವುದಕ್ಕೂ ನಡುವೆ ಎಷ್ಟು ಅಂತರ ಇದೆ ಎಂಬುದನ್ನು ಬಾಲಮುರಳಿ ನಟರಾಜನ್, ಸೂರಜ್ ಜೇಕಬ್ 2018ರಲ್ಲೇ ಬರೆದಿದ್ದರು. ಟ್ಯಾಬ್ ಹಿಡಿದ ಸರಕಾರಿ ಅಪರಿಚಿತರ ಮುಂದೆ ದನದ ಮಾಂಸದ ಸಾಲಿಗೆ ನಿಜ ಹೇಳುವ ಧೈರ್ಯ ನಮ್ಮ ಜಿಲ್ಲೆಯಲ್ಲಿ ಎಷ್ಟು ಮನೆಗಳಿಗೆ ಇದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಹಸಿವಿನ ವಿಷಯವೂ ಅಷ್ಟೇ. “ಒಣಸ್ ಆಂಡಾ?” ಅಂದರೆ ತುಳುವಿನಲ್ಲಿ ಉತ್ತರ ಒಂದೇ, “ಆಂಡ್”. ಆಗದಿದ್ದರೂ.

ರಕ್ತಹೀನತೆಯ ಪ್ರಶ್ನೆಯನ್ನು ಆರನೇ ಸುತ್ತಿನಿಂದ ಕೈಬಿಟ್ಟರು. ಬೆರಳು ಚುಚ್ಚಿ ತೆಗೆದ ರಕ್ತ ನಂಬಿಕೆಗೆ ಅರ್ಹ ಅಲ್ಲ, ರಕ್ತನಾಳದಿಂದ ತೆಗೆದು ಬೇರೆ ಸಮೀಕ್ಷೆಯಲ್ಲಿ ನೋಡುತ್ತೇವೆ ಅಂತ ಕಾರಣ. ವಿಜ್ಞಾನದ ದೃಷ್ಟಿಯಿಂದ ತಪ್ಪಿಲ್ಲ. ಆದರೆ ಹೊಸ ಅಳತೆಯನ್ನು ಹಳೆಯದರ ಪಕ್ಕ ಇಟ್ಟು ಹೋಲಿಸುವ ಹಾಗಿಲ್ಲವಲ್ಲ. ಏರಿತೋ ಇಳಿಯಿತೋ ಅಂತ ಕೇಳುವ ಬಾಯಿ ಮುಚ್ಚಿತು.

ನನಗೆ ಅತಿ ಹೆಚ್ಚು ತೊಂದರೆ ಕೊಡುವುದು ‘ಎಸ್‌ಟಿ’ ಎಂಬ ಕಾಲಂ. ಕರ್ನಾಟಕದ ಎಸ್‌ಟಿ ಸರಾಸರಿ ಅಂದರೆ ಹೆಚ್ಚುಕಡಿಮೆ ನಾಯಕ ಸಮುದಾಯದ ಸರಾಸರಿ. ದಕ್ಷಿಣ ಕನ್ನಡದಲ್ಲಿ ಮರಾಟಿ ನಾಯ್ಕರೇ ಸಂಖ್ಯೆಯಲ್ಲಿ ಹೆಚ್ಚು. ಇವರ ನಡುವೆ ಕೊರಗರು ಎಲ್ಲಿ ಕಾಣುತ್ತಾರೆ? 2011ರ ಜನಗಣತಿಯಲ್ಲಿ ರಾಜ್ಯಕ್ಕೆಲ್ಲ ಸೇರಿ ಸುಮಾರು 15 ಸಾವಿರ ಜನ. ಕುತ್ಲೂರಿನ ಕಾಡಂಚಿನ ಮಲೆಕುಡಿಯರು ಎಲ್ಲಿ? ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಒಂದು ಕಾಯ್ದೆಯನ್ನೇ ತರಬೇಕಾಯಿತು. ಊಟ ಅನ್ನುವುದು ಇಲ್ಲಿ ಬರೀ ಕ್ಯಾಲರಿ ಆಗಿರಲಿಲ್ಲ, ಯಾರು ಯಾರಿಗಿಂತ ಕೆಳಗೆ ಅಂತ ತೋರಿಸುವ ಸಾಧನ ಆಗಿತ್ತು. ಈಗ ಸರಕಾರ ಈ ಸಮುದಾಯಗಳಿಗೆ ಬೇಳೆ, ಮೊಟ್ಟೆ, ಎಣ್ಣೆ, ಬೆಲ್ಲ ಇರುವ ಪೌಷ್ಟಿಕ ಆಹಾರ ಹಂಚುತ್ತದೆ. ಒಳ್ಳೆಯದೇ. ಅದರಿಂದ ಒಂದು ಮಗುವಿನ ತೂಕವಾದರೂ ಏರಿದೆಯೇ ಅಂತ ಯಾವ ರಾಷ್ಟ್ರೀಯ ಸಮೀಕ್ಷೆಯನ್ನು ತೆರೆದು ನೋಡುವುದು? ಕಡಿಮೆ ಜನ ಇರುವ ಕಡೆ ಸ್ಯಾಂಪಲ್ ಸಾಲುವುದಿಲ್ಲ ಎಂಬ ಉತ್ತರ ಸಂಖ್ಯಾಶಾಸ್ತ್ರದ ಮಟ್ಟಿಗೆ ಸರಿ. ಹಾಗಾದರೆ ಅವರಿಗಾಗಿಯೇ ಬೇರೆ ಸಮೀಕ್ಷೆ ಮಾಡಬೇಕು ಅನ್ನುವುದೂ ಅಷ್ಟೇ ಸರಿ.

ಹೀಗೆ ಬೈದ ಮಾತ್ರಕ್ಕೆ ಸಮೀಕ್ಷೆಗಳೇ ಬೇಡ ಅಂತ ಅಲ್ಲ. 2017-18ರಲ್ಲಿ ಮಾಡಿದ ವೆಚ್ಚ ಸಮೀಕ್ಷೆಯನ್ನು ಗುಣಮಟ್ಟ ಸರಿಯಿಲ್ಲ ಅಂತ ಸರಕಾರ ಹೊರಗೇ ಬಿಡಲಿಲ್ಲ. ಹನ್ನೊಂದು ವರ್ಷ ದೇಶ ತಾನು ಏನು ತಿನ್ನುತ್ತಿದ್ದೇನೆ ಅಂತ ಗೊತ್ತಿಲ್ಲದೆ ಕಳೆಯಿತು. ಅದಕ್ಕೂ ಮೊದಲು, 1972ರಲ್ಲಿ ಹೈದರಾಬಾದಿನ ಸಂಸ್ಥೆಯಡಿ ಶುರುವಾದ ರಾಷ್ಟ್ರೀಯ ಪೋಷಣಾ ನಿಗಾ ಬ್ಯೂರೋ ಅಂತ ಒಂದಿತ್ತು. ಅದು ಕೆಲಸ ಮಾಡುತ್ತಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದರ ಜನ ಅಡುಗೆಮನೆಗೇ ಹೋಗಿ ಅಳತೆಯ ಲೋಟ ಸೌಟು ತೋರಿಸಿ, ಹಿಂದಿನ ದಿನ ಮನೆಯಲ್ಲಿ ಯಾರು ಎಷ್ಟು ತಿಂದರು ಅಂತ ಒಬ್ಬೊಬ್ಬರದ್ದೂ ಕೇಳಿ ಬರೆದುಕೊಳ್ಳುತ್ತಿದ್ದರು. ನಿಧಾನದ ಕೆಲಸ, ದುಬಾರಿ ಕೆಲಸ. ಕೊನೆಗೆ ಉಂಡವರು ಯಾರು, ಅವರ ತಟ್ಟೆಗೆ ಎಷ್ಟು ಬಿತ್ತು ಎಂಬುದು ಅಲ್ಲಿ ಸಿಗುತ್ತಿತ್ತು. 2015ರಲ್ಲಿ ಅದನ್ನು ಮುಚ್ಚಿದರು.