ಮೈದಾನದಲ್ಲಿ ಇಲ್ಲದವರು

ಎಡಗೈ ಸ್ಪಿನ್ನರ್‌ಗಳ ಬಗ್ಗೆ ಬರೆಯುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ಅಲ್ಲಿಗೇ ಬರುತ್ತೇನೆ, ಆದರೆ ಬಳಸುದಾರಿಯಲ್ಲಿ. ಯುವರಾಜ್ ಸಿಂಗ್ ಆಡಿದ ಒಂದು ಮಾತಿನ ಜಗಳ ನಮ್ಮ ಕಡೆ ಇನ್ನೂ ಹರಿದಿಲ್ಲ. ಬೀದರ್, ಭಾಲ್ಕಿ, ಔರಾದ್, ಎಲ್ಲಿ ನಾಲ್ಕು ಮಂದಿ ಕ್ರಿಕೆಟ್ ಹುಚ್ಚರು ಕೂತರೂ ಯಾರೋ ಒಬ್ಬರು ಆ ಮಾತು ಎತ್ತುತ್ತಾರೆ. ಇನ್ನೊಬ್ಬರು ತಟ್ಟನೆ ಹೇಳುತ್ತಾರೆ: ‘ದೋಸ್ತಿಯೊಳಗ ಅಂದಾನ್ರಿ. ಚಹಲ್‌ಗೇ ಸಿಟ್ಟು ಬಂದಿಲ್ಲ, ಮಂದಿಗ್ಯಾಕ ಬರಬೇಕು?’ ಈ ವಾದಕ್ಕೆ ಉತ್ತರ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ನಡೆದದ್ದು ಇಷ್ಟು. 2020ರ ಲಾಕ್‌ಡೌನ್ ದಿನಗಳು. ಆಟ ನಿಂತಿತ್ತು, ಆಟಗಾರರು ಇನ್‌ಸ್ಟಾಗ್ರಾಂ ಲೈವ್‌ನಲ್ಲಿ ಹರಟುತ್ತಿದ್ದರು. ರೋಹಿತ್ ಶರ್ಮಾ ಜೊತೆಗಿನ ಅಂಥದೊಂದು ಹರಟೆಯಲ್ಲಿ ಆಗ ನಮ್ಮ ಆರ್‌ಸಿಬಿಯಲ್ಲಿದ್ದ ಯಜುವೇಂದ್ರ ಚಹಲ್ ಅವರ ಟಿಕ್‌ಟಾಕ್ ವಿಡಿಯೊಗಳ ಪ್ರಸ್ತಾಪ ಬಂತು. ಯುವರಾಜ್ ಒಂದು ಜಾತಿಯ ಹೆಸರನ್ನೇ ಬೈಗುಳವಾಗಿಸಿ ನಕ್ಕರು. ತಲೆತಲಾಂತರದಿಂದ ಮಲ ಹೊರುವ ಕೆಲಸಕ್ಕೆ ದೂಡಿಸಿಕೊಂಡ ಜನರ ಹೆಸರು ಅದು. ಅದನ್ನು ಇಲ್ಲಿ ಅಚ್ಚು ಹಾಕುವುದಿಲ್ಲ. ನಮ್ಮ ಓದುಗರಿಗೆ ಅದು ಗೊತ್ತು. ಆ ತುಣುಕು ಹರಿದಾಡಿದ್ದೇ ದೇಶದ ತುಂಬ ಕ್ಷಮೆ ಕೇಳಿ ಎಂಬ ಕೂಗೆದ್ದಿತು. ಜೂನ್ 5ರಂದು ಯುವರಾಜ್ ಒಂದು ಹೇಳಿಕೆ ಹೊರಡಿಸಿದರು. ಮರುವರ್ಷ ಫೆಬ್ರುವರಿಯಲ್ಲಿ ಹರಿಯಾಣದ ಹಾನ್ಸಿಯಲ್ಲಿ ಎಫ್‌ಐಆರ್ ದಾಖಲಾಯಿತು. ಅಕ್ಟೋಬರ್‌ನಲ್ಲಿ ಅವರನ್ನು ಬಂಧಿಸಿ, ಮಧ್ಯಂತರ ಜಾಮೀನಿನ ಮೇಲೆ ಬಿಟ್ಟರು.

2011ರ ವಿಶ್ವಕಪ್ಪಿನಲ್ಲಿ 362 ರನ್, 15 ವಿಕೆಟ್, ಸರಣಿಯ ಶ್ರೇಷ್ಠ ಆಟಗಾರ, ಆಮೇಲೆ ಕ್ಯಾನ್ಸರ್ ಗೆದ್ದು ಬಂದವರು. ಯುವರಾಜ್ ಮೇಲೆ ನನಗಿರುವ ಪ್ರೀತಿ ಸಣ್ಣದಲ್ಲ. ಹಾಗಾಗಿಯೇ ಆ ಹೇಳಿಕೆ ನನ್ನನ್ನು ನೋಯಿಸಿತು. ತಾನು ಭೇದಭಾವ ನಂಬುವವನಲ್ಲ, ಗೆಳೆಯರ ನಡುವಿನ ಮಾತನ್ನು ತಪ್ಪಾಗಿ ತಿಳಿದರು, ಗೊತ್ತಿಲ್ಲದೆ ಯಾರ ಭಾವನೆಗಾದರೂ ಧಕ್ಕೆಯಾಗಿದ್ದರೆ ವಿಷಾದವಿದೆ ಎಂಬುದು ಅದರ ಸಾರ. ‘ಯಾರ’ ಭಾವನೆ? ಯಾವ ಜನರ ಹೆಸರನ್ನು ಬಳಸಿ ನಕ್ಕರೋ ಆ ಜನ ಹೇಳಿಕೆಯಲ್ಲಿ ಇಲ್ಲವೇ ಇಲ್ಲ.

‘ಚಹಲ್‌ಗೇ ಸಿಟ್ಟು ಬಂದಿಲ್ಲ’ ಎಂಬ ವಾದ ಕುಸಿಯುವುದು ಇಲ್ಲಿಯೇ. ಆ ಮಾತು ಚಹಲ್‌ಗೆ ತಾಗುವಂಥದ್ದೇ ಆಗಿರಲಿಲ್ಲ. ಆಟದ ಬೈಗುಳಗಳನ್ನು ಒಂದೊಂದಾಗಿ ಎಣಿಸಿ ನೋಡಿ. ಎದುರಿಗಿದ್ದವನನ್ನು ಬೈಯುವ ನೆಪದಲ್ಲಿ ಅಲ್ಲಿಲ್ಲದ ಇನ್ನೊಬ್ಬರ ಮೇಲೆ ಕೆಸರು ಎರಚುತ್ತೇವೆ: ಅವನ ತಾಯಿ, ಅವನ ಅಕ್ಕತಂಗಿ, ಊರ ಚರಂಡಿ ಬಳಿಯುವವರು. ಸ್ನೇಹಿತ ಕ್ಷಮಿಸಿದನೆಂದರೆ ಅವರೂ ಕ್ಷಮಿಸಿದಂತೆ ಹೇಗಾದೀತು?

2008ರ ಸಿಡ್ನಿ ಟೆಸ್ಟ್ ನೆನೆಯಿರಿ. ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸ್‌ರನ್ನು ನಮ್ಮ ಹರ್ಭಜನ್ ಮಂಗ ಎಂದರೆಂಬ ದೂರು, ಮೂರು ಟೆಸ್ಟ್ ನಿಷೇಧ, ಮೇಲ್ಮನವಿ. ಅಡಿಲೇಡ್‌ನಲ್ಲಿ ನ್ಯಾಯಮೂರ್ತಿ ಜಾನ್ ಹ್ಯಾನ್ಸನ್ ಜನಾಂಗೀಯ ನಿಂದನೆಯ ಆರೋಪ ಸಾಬೀತಾಗಿಲ್ಲವೆಂದು ಪಂದ್ಯದ ಸಂಭಾವನೆಯ ಅರ್ಧದಷ್ಟು ದಂಡಕ್ಕೆ ಇಳಿಸಿದರು. ನಮ್ಮ ಕಡೆಯ ವಿವರಣೆ ಏನಿತ್ತು? ಅವರು ಆಡಿದ್ದು ಮಂಗ ಎಂದಲ್ಲ, ತಾಯಿಯ ಮೇಲಿನ ಹಿಂದಿ ಬೈಗುಳ. ಸೈಮಂಡ್ಸ್‌ಗೆ ಅದು ಬೇರೆಯಾಗಿ ಕೇಳಿಸಿತು. ಇಡೀ ದೇಶ ಗೆದ್ದೆವೆಂದು ಸಂಭ್ರಮಿಸಿತು. ಒಬ್ಬ ತಾಯಿಯ ಮಾನ ನಮ್ಮ ಬಿಡುಗಡೆಯ ದಾಖಲೆಯಾಯಿತೆಂಬುದು ಯಾರಿಗೂ ಕಾಣಿಸಲಿಲ್ಲ. ಮೂರು ತಿಂಗಳ ಹಿಂದೆಯಷ್ಟೇ, 2007ರ ಅಕ್ಟೋಬರ್‌ನಲ್ಲಿ, ವಡೋದರಾ ಮತ್ತು ಮುಂಬೈ ಸ್ಟೇಡಿಯಂಗಳಲ್ಲಿ ನಮ್ಮದೇ ಪ್ರೇಕ್ಷಕರು ಅದೇ ಸೈಮಂಡ್ಸ್ ಮುಂದೆ ಮಂಗನ ಕೂಗು ಹಾಕಿದ್ದನ್ನೂ ಮರೆತೆವು. ಸೈಮಂಡ್ಸ್ ಈಗಿಲ್ಲ; 2022ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಹೋದರು. ಅವರಿಗೆ ನಾವು ಸಲ್ಲಿಸಬೇಕಿದ್ದ ಕ್ಷಮೆ ಹಾಗೇ ಉಳಿದುಹೋಯಿತು.

ಆದರೆ ಅದೇ ಸಿಡ್ನಿಯಲ್ಲಿ ಇನ್ನೊಂದು ಪ್ರಕರಣವೂ ನಡೆಯಿತು. ಅದನ್ನು ನಮ್ಮವರು ನೆನಪಿಟ್ಟುಕೊಂಡಿದ್ದು ಕಡಿಮೆ. ಸ್ಪಿನ್ನರ್ ಬ್ರಾಡ್ ಹಾಗ್ ನಾಯಕ ಅನಿಲ್ ಕುಂಬ್ಳೆ ಮತ್ತು ಧೋನಿಯತ್ತ ಹುಟ್ಟನ್ನು ಹಳಿಯುವ ಒಂದು ಬೈಗುಳ ಬಿಟ್ಟರು. ಅವರ ನಾಡಿನಲ್ಲಿ ಗೆಳೆಯರು ದಿನವೂ ಆಡುವ ಮಾತು ಅದು, ನಮ್ಮಲ್ಲಿ ಹೆತ್ತವಳಿಗೆ ತಾಗುವಂಥದ್ದು. ಭಾರತ ತಂಡ ದೂರು ಕೊಟ್ಟಿತು. ಹಾಗ್ ಕ್ಷಮೆ ಕೇಳಿದರು, ವಿಚಾರಣೆಗೆ ಮುನ್ನವೇ ಕುಂಬ್ಳೆ ದೂರು ಹಿಂತೆಗೆದುಕೊಂಡರು. ಒಂದೇ ತಂಡ ಆಟದ ಧರ್ಮಕ್ಕೆ ತಕ್ಕಂತೆ ಆಡಿತು ಎಂದು ಸೋತ ಸಂಜೆ ಪತ್ರಕರ್ತರ ಮುಂದೆ ಹೇಳಿದವರೂ ಇದೇ ಕುಂಬ್ಳೆ. ತಪ್ಪನ್ನು ತಪ್ಪೆಂದು ಹೆಸರು ಹಿಡಿದು ಹೇಳುವುದು, ನೇರವಾಗಿ ಕ್ಷಮೆ ಬಂದಾಗ ಒಪ್ಪಿಕೊಳ್ಳುವುದು: ಎರಡನ್ನೂ ಒಂದೇ ಮನುಷ್ಯ ಎರಡು ವಾರದೊಳಗೆ ಮಾಡಿ ತೋರಿಸಿದರು.

2019ರ ಜನವರಿಗೆ ಬನ್ನಿ. ಡರ್ಬನ್‌ನಲ್ಲಿ ಪಾಕಿಸ್ತಾನದ ನಾಯಕ ಸರ್ಫರಾಜ್ ಅಹ್ಮದ್ ದಕ್ಷಿಣ ಆಫ್ರಿಕಾದ ಆಂಡಿಲೆ ಫೆಹ್ಲುಕ್ವಾಯೊ ಬಣ್ಣ ಹಿಡಿದು ಆಡಿದ ಮಾತು ಸ್ಟಂಪ್ ಮೈಕ್‌ನಲ್ಲಿ ದಾಖಲಾಯಿತು. ಉರ್ದು ಮಾತು. ಬೀದರ್‌ನವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅದರಲ್ಲೂ ಆಟಗಾರನ ತಾಯಿಯ ಪ್ರಸ್ತಾಪವಿತ್ತು. ಸರ್ಫರಾಜ್ ಖುದ್ದಾಗಿ ಹೋಗಿ ಕೈಹಿಡಿದು ಕ್ಷಮೆ ಕೇಳಿದರು, ಎದುರು ತಂಡ ಕ್ಷಮಿಸಿತು. ಆದರೂ ಐಸಿಸಿ ನಾಲ್ಕು ಪಂದ್ಯಗಳ ನಿಷೇಧ ಹೇರಿತು. ಎರಡೂ ಸರಿ.

ಅದೇ ತಿಂಗಳು ನಮ್ಮ ಕರ್ನಾಟಕದ ಹುಡುಗ ಕೆ.ಎಲ್. ರಾಹುಲ್, ಹಾರ್ದಿಕ್ ಪಾಂಡ್ಯ ಜೊತೆ ಕರಣ್ ಜೋಹರ್ ಟಿವಿ ಕಾರ್ಯಕ್ರಮದಲ್ಲಿ ಕೂತು ಸಿಕ್ಕಿಬಿದ್ದರು. ಹೆಣ್ಣುಮಕ್ಕಳನ್ನು ಹಗುರವಾಗಿ ಆಡಿದ್ದು ಹೆಚ್ಚಾಗಿ ಪಾಂಡ್ಯ. ರಾಹುಲ್ ಪಕ್ಕದಲ್ಲಿದ್ದರು, ನಕ್ಕರು. ಇಬ್ಬರೂ ಅಮಾನತಾಗಿ ಆಸ್ಟ್ರೇಲಿಯಾದಿಂದ ಮನೆಗೆ ಬಂದರು. ಏಪ್ರಿಲ್‌ನಲ್ಲಿ ಬಿಸಿಸಿಐ ಒಂಬುಡ್ಸ್‌ಮನ್ ಡಿ.ಕೆ. ಜೈನ್ ತಲಾ 20 ಲಕ್ಷ ರೂಪಾಯಿ ಕಟ್ಟಲು ಹೇಳಿದರು. ಅದರಲ್ಲಿ 10 ಲಕ್ಷ ಕರ್ತವ್ಯದಲ್ಲಿ ಮಡಿದ ಅರೆಸೇನಾ ಪಡೆಗಳ ಹತ್ತು ಕಾನ್‌ಸ್ಟೆಬಲ್‌ಗಳ ಪತ್ನಿಯರಿಗೆ, 10 ಲಕ್ಷ ಅಂಧರ ಕ್ರಿಕೆಟ್ಟಿಗೆ. ಒಳ್ಳೆಯ ಕೆಲಸಗಳೇ. ಆದರೆ ಆಡುವ ಹೆಣ್ಣುಮಕ್ಕಳ ಹೆಸರಿನಲ್ಲಿ ಒಂದು ರೂಪಾಯಿಯೂ ಇರಲಿಲ್ಲ. ಒಂದೊಂದು ಊರಿನಲ್ಲಿ ಹುಡುಗಿಯರ ತಂಡಕ್ಕೆ ಕಿಟ್ ಇಲ್ಲ, ನೆಟ್ ಇಲ್ಲ. ಅವಮಾನವಾದವರ ವಿಳಾಸಕ್ಕೆ ಆ ದಂಡವೂ ತಲುಪಲಿಲ್ಲ.

ಈಗ ಹಳೆಯ ಲೆಕ್ಕ. ಕ್ರಿಕೆಟ್ಟಿನಲ್ಲಿ ‘ಆಕ್ರಮಣಶೀಲತೆ’ಯ ಪಂಥವೊಂದು ಬೆಳೆದಿದೆ. ಬೈದರೆ ಮಾತ್ರ ಗೆಲ್ಲುವ ಛಲ ಇದೆ ಎಂದರ್ಥವಂತೆ. ಮೈದಾನದ ಮಾತು ಮೈದಾನದಲ್ಲೇ ಬಿಡಬೇಕಂತೆ. ಈ ಪಂಥದವರು ಕರ್ನಾಟಕದ ಆಟಗಾರರನ್ನು ಮೆತ್ತಗಿನವರೆಂದು ಆಡಿಕೊಳ್ಳುವುದನ್ನು ಕೇಳಿ ಕೇಳಿ ಸಾಕಾಗಿದೆ. 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಬಂದು ಬ್ರಯಾನ್ ಲಾರಾರನ್ನು ಎಲ್‌ಬಿಡಬ್ಲ್ಯು ಮಾಡಿದ ಕುಂಬ್ಳೆ ಮೆತ್ತಗಿನವರೇ? 619 ಟೆಸ್ಟ್ ವಿಕೆಟ್ ಮೆತ್ತಗಿನ ಮನುಷ್ಯನಿಗೆ ಬೀಳುತ್ತವೆಯೇ? 1980ರ ಮುಂಬೈ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ಅಂಪೈರ್ ಔಟ್ ಕೊಟ್ಟ ಬಾಬ್ ಟೇಲರ್‌ರನ್ನು ನಾಯಕ ಜಿ.ಆರ್. ವಿಶ್ವನಾಥ್ ಮರಳಿ ಆಡಲು ಕರೆದರು. ಟೇಲರ್–ಬೋಥಮ್ ಜೊತೆಯಾಟ ಪಂದ್ಯವನ್ನೇ ನಮ್ಮ ಕೈತಪ್ಪಿಸಿತು. ಸೋಲಿಗೆ ಅಂಜದೆ ಹಾಗೆ ಕರೆಯಲು ಎಂಥ ಎದೆಗಾರಿಕೆ ಬೇಕು! ಬಾಯಿ ಬಿಗಿ ಹಿಡಿದು ಗೆಲ್ಲುವುದು ನಮ್ಮ ಮನೆತನದ ವಿದ್ಯೆ. ಅದನ್ನು ಬಿಟ್ಟುಕೊಡಬಾರದು.

‘ಪ್ರೀತಿಯಿಂದ ಕರೆದದ್ದು’ ಎಂಬ ಸಮಜಾಯಿಷಿಗೂ ಉತ್ತರ ಬೇಕು. ಯುವರಾಜ್ ಹೇಳಿಕೆ ಬಂದ ಅದೇ ಜೂನ್‌ನಲ್ಲಿ ವೆಸ್ಟ್ ಇಂಡೀಸ್‌ನ ಡ್ಯಾರೆನ್ ಸ್ಯಾಮಿ ಒಂದು ನೋವು ತೋಡಿಕೊಂಡರು. ಸನ್‌ರೈಸರ್ಸ್ ಹೈದರಾಬಾದ್‌ನಲ್ಲಿ ಜೊತೆಗಾರರು ತನ್ನನ್ನೂ ಶ್ರೀಲಂಕಾದ ತಿಸರ ಪೆರೇರಾರನ್ನೂ ಕರೆಯುತ್ತಿದ್ದ ಅಡ್ಡಹೆಸರಿಗೆ ಬಲಶಾಲಿ ಕುದುರೆ ಎಂದರ್ಥವಿರಬೇಕೆಂದು ಅವರು ನಂಬಿದ್ದರು. ಅದು ಮೈಬಣ್ಣದ ಮಾತೆಂದು ತಿಳಿದದ್ದು ವರ್ಷಗಳ ನಂತರ. ಹೈದರಾಬಾದ್ ನಮಗೆ ಪಕ್ಕದೂರು, ಆ ಅಡ್ಡಹೆಸರಂತೂ ಮನೆಮಾತು. ನೌಬಾದದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ನಡೆಯುವಾಗ ಸ್ಪೀಕರ್ ಕೆಳಗೆ ನಿಂತು ಕೇಳಿ. ಕನ್ನಡ, ಹಿಂದಿ, ಮರಾಠಿ ಬೆರೆಸಿ ಸೊಗಸಾಗಿ ಕಾಮೆಂಟರಿ ಹೇಳುವ ಹುಡುಗ ಒಬ್ಬ ಬೌಲರ್‌ನನ್ನು ‘ಕಾಲ್ಯಾ’ ಎನ್ನುತ್ತಾನೆ, ಕುಂಟುವ ಫೀಲ್ಡರ್‌ನನ್ನು ‘ಲಂಗಡ್ಯಾ’ ಎನ್ನುತ್ತಾನೆ. ಜನ ನಗುತ್ತಾರೆ, ಕರೆಸಿಕೊಂಡವನೂ ನಗುತ್ತಾನೆ. ಹತ್ತಿರ ಹೋಗಿ ನೋಡಿದರೆ ಆ ನಗು ತುಟಿಯಿಂದ ಮೇಲಕ್ಕೆ ಏರಿರುವುದಿಲ್ಲ. ಬೇರೆ ಏನು ಮಾಡಬಲ್ಲ ಅವನು? ಸಿಟ್ಟಾದರೆ ಮುಂದಿನ ಪಂದ್ಯಕ್ಕೆ ಹೆಸರು ಇರುವುದಿಲ್ಲ.

ಇಲ್ಲಿಂದ ಎಡಗೈ ಸ್ಪಿನ್. ಈ ವಿದ್ಯೆಗೆ ನಮ್ಮ ಧಾರವಾಡದ ನೆಲದ ಋಣವಿದೆ. ಗದಗಿನ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್ ಎಂಬ ಲೆಕ್ಕ ಬರೆಸಿದ್ದು ನೆನಪಿರಬೇಕು. ಅವರಿಗೂ ಬಹಳ ಮುಂಚೆ, 1870ರ ದಶಕದಲ್ಲಿ, ಧಾರವಾಡದಲ್ಲಿ ಹುಟ್ಟಿದವರು ಪಾಲ್ವಣಕರ್ ಬಾಲೂ. ಭಾರತದ ಮೊದಲ ಮಹಾ ಬೌಲರ್. ಚಮ್ಮಾರರ ಮಗ.

ಬಾಲೂ ಕಥೆಯನ್ನು ನಮಗೆ ಮರಳಿ ಕೊಟ್ಟವರು ಬೆಂಗಳೂರಿನ ರಾಮಚಂದ್ರ ಗುಹಾ. 2002ರಲ್ಲಿ ಬಂದ ಅವರ ‘ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್’ ನನ್ನ ಮಟ್ಟಿಗೆ ಕ್ರಿಕೆಟ್ ಪುಸ್ತಕಗಳಲ್ಲೆಲ್ಲ ಮೊದಲನೆಯದು. ಅವರು ಹೇಳುವಂತೆ, ಪುಣೆಯಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ಬಾಲೂಗೆ ತಿಂಗಳಿಗೆ 4 ರೂಪಾಯಿ ಸಂಬಳ. ಪಿಚ್ಚಿಗೆ ರೋಲರ್ ಎಳೆಯಬೇಕು, ಬಲೆ ಕಟ್ಟಬೇಕು, ಸಾಹೇಬರಿಗೆ ತಾಸುಗಟ್ಟಲೆ ಬೌಲ್ ಮಾಡಬೇಕು. ಬ್ಯಾಟ್ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಜೆ.ಜಿ. ಗ್ರೇಗ್‌ನಂಥ ಬ್ಯಾಟ್ಸ್‌ಮನ್‌ಗೆ ನಿತ್ಯ ಎಸೆದೆಸೆದು ಆ ಎಡಗೈ ಪಳಗಿತು. ಆಮೇಲೆ ಪುಣೆಯ ಹಿಂದೂ ತಂಡಕ್ಕೆ ಅವರ ವಿಕೆಟ್‌ಗಳು ಬೇಕಾದವು. ಬಾಲೂ ಮುಟ್ಟಿದ ಚೆಂಡನ್ನು ಜೊತೆಗಾರರು ಮುಟ್ಟಿದರು. ಚಹಾ ವಿರಾಮ ಬಂದಾಗ ಮಾತ್ರ ಅವರು ಪೆವಿಲಿಯನ್ ಒಳಗೆ, ಇವರು ಹೊರಗೆ, ಕುಡಿದು ಎಸೆಯುವ ಮಣ್ಣಿನ ಬಟ್ಟಲಿನಲ್ಲಿ. ಜೊತೆಗೆ ಆಡುವವರು ಜೊತೆಗೆ ಉಣ್ಣಲೂಬಹುದಲ್ಲವೇ ಎಂದು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಎಲ್ಲರೆದುರೇ ಕೇಳಬೇಕಾಯಿತು.

1911ರ ಇಂಗ್ಲೆಂಡ್ ಪ್ರವಾಸದಲ್ಲಿ ಬಾಲೂ ಪಡೆದದ್ದು 114 ವಿಕೆಟ್. ಅಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದಕ್ಕಲಿಲ್ಲ. 1920ರಲ್ಲಿ ಬಾಲೂರನ್ನು ತಂಡದಿಂದ ಕೈಬಿಟ್ಟಾಗ ತಮ್ಮಂದಿರು ನಾವೂ ಆಡುವುದಿಲ್ಲವೆಂದು ಸೆಟೆದು ನಿಂತರು. ಕೊನೆಗೆ 1923ರಲ್ಲಿ ತಮ್ಮ ವಿಠ್ಠಲ ನಾಯಕನಾದರು.

ಯುವರಾಜ್ ನಕ್ಕ ಆ ಹೆಸರಿನ ಜನ ಮೈದಾನದಲ್ಲಿ ಏಕೆ ಕಾಣುವುದಿಲ್ಲ ಎಂಬುದಕ್ಕೆ ಉತ್ತರ ಆ ಮಣ್ಣಿನ ಬಟ್ಟಲಿನಲ್ಲಿದೆ. ಪೆವಿಲಿಯನ್ನಿನ ಹೊರಗೆ ನಿಲ್ಲಿಸಿದವರನ್ನು ಮಾತಿನಲ್ಲಿ ಮಾತ್ರ ಒಳಗೆ ಎಳೆದು ತರುತ್ತೇವೆ, ಅದೂ ಬೈಯಲು. ಬಾಯಿತಪ್ಪಿ ಬಂತೆಂದರೆ ಅಪರಾಧ ಕಡಿಮೆಯಾಗುವುದಿಲ್ಲ. ಯೋಚಿಸದೆ ಬರುವಷ್ಟು ಆ ಮಾತು ಬಾಯಿಗೆ ರೂಢಿಯಾಗಿದೆ ಎಂದೇ ಅರ್ಥ. ಒಬ್ಬ ಯುವರಾಜ್‌ಗೆ ಅದನ್ನು ರೂಢಿ ಮಾಡಿಸಿದವರಲ್ಲಿ ನಗುತ್ತಾ ಕೇಳಿದ ನಾವೆಲ್ಲ ಇದ್ದೇವೆ.

ನಮ್ಮ ಜಿಲ್ಲೆಯವರಿಗಂತೂ ಇದನ್ನು ಹೊರಗಿನವರು ಬಂದು ಕಲಿಸಬೇಕಿಲ್ಲ. ಬಸವಕಲ್ಯಾಣದಲ್ಲಿ ಹರಳಯ್ಯನ ಗವಿ ಇದೆ. ಸಮಗಾರ ಹರಳಯ್ಯ ದಾರಿಯಲ್ಲಿ ‘ಶರಣು’ ಎಂದಾಗ ಬಸವಣ್ಣ ‘ಶರಣು ಶರಣಾರ್ಥಿ’ ಎಂದರು. ತನ್ನ ಒಂದು ಶರಣಿಗೆ ಎರಡು ಬಂತು, ಈ ಹೆಚ್ಚಿನ ಒಂದನ್ನು ಹೇಗೆ ತೀರಿಸಲಿ ಎಂದು ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಮೆಟ್ಟು ಮಾಡಿ ತಂದರೆಂಬ ಕಥೆ ನಮ್ಮ ಅಜ್ಜಿಯರು ಹೇಳಿದ್ದು. ಮಾತಿಗೆ ಅಷ್ಟು ತೂಕವಿದ್ದ ನೆಲ ಇದು. ಗೌರವದ ಒಂದು ಮಾತು ಹೆಚ್ಚಾದರೆ ಮೈಚರ್ಮ ಕೊಟ್ಟವರ ಊರಿನಲ್ಲಿ ಅವಮಾನದ ಮಾತಿಗೆ ‘ದೋಸ್ತಿಯೊಳಗ ಅಂದೆ’ ಎಂಬ ಉತ್ತರ ಸಾಲದು.

ಹಾಗಾಗಿ ಟೂರ್ನಮೆಂಟ್ ನಡೆಸುವ ನಮ್ಮ ಕ್ಲಬ್ಬುಗಳಿಗೆ ನನ್ನ ಒತ್ತಾಯ ಇದು. ಎಂಟ್ರಿ ಫೀ, ವೈಡ್, ನೋಬಾಲ್ ನಿಯಮ ಬರೆಯುವ ಅದೇ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಿ: ಜಾತಿ, ಬಣ್ಣ, ಅಂಗ, ತಾಯಿ, ತಂಗಿ ಹಿಡಿದು ಆಡಿದವನು ಆ ಪಂದ್ಯ ಬಿಟ್ಟು ಹೊರಗೆ ಹೋಗಬೇಕು, ಮೈಕ್ ಹಿಡಿದವನಿಗೂ ಇದೇ ನಿಯಮ. ಕ್ಷಮೆ ಕೇಳುವವನು ‘ಆಗಿದ್ದರೆ’ ಎಂಬ ಮಾತು ಬಿಟ್ಟು, ಯಾರಿಗೆ ಅವಮಾನವಾಯಿತೋ ಅವರ ಹೆಸರು ಹೇಳಿ ಕೇಳಬೇಕು. ದಂಡ ಹಾಕಿದರೆ ಆ ಹಣ ಅವರ ಮಕ್ಕಳ ಬ್ಯಾಟಿಗೆ, ಬೂಟಿಗೆ ಹೋಗಬೇಕು. ಪೌರಕಾರ್ಮಿಕರ ಕೇರಿಯಲ್ಲಿ ಎಡಗೈಯಲ್ಲಿ ಚೆಂಡು ತಿರುಗಿಸುವ ಹುಡುಗ ಇದ್ದಾನೆಯೇ ಎಂದು ಹುಡುಕಿ ತಂಡಕ್ಕೆ ಸೇರಿಸಿ. ಎಲ್ಲರೊಟ್ಟಿಗೆ ಕೂರಿಸಿಕೊಂಡು ಚಹಾ ಕುಡಿಸಿ. ಬೌಲಿಂಗ್ ಚೆನ್ನಾಗಿದ್ದರೆ ನಾಯಕನನ್ನಾಗಿಯೂ ಮಾಡಿ.