ಯೋಸೇಫನ ಮೌನವಿಧೇಯತೆ

ಗದುಗಿನ ವೀರನಾರಾಯಣನ ಗುಡಿಗೆ ಹೋಗಿಬರುವ ಸುಶಿಕ್ಷಿತ ಮನೆತನಗಳವರು ಕುಮಾರವ್ಯಾಸನು ತನ್ನ ಭಾರತದ ಪೀಠಿಕೆಯಲ್ಲಿ ಹೇಳಿಕೊಂಡಿರುವ ಎರಡು ಸಂಗತಿಗಳನ್ನು ಚೆನ್ನಾಗಿ ಬಲ್ಲರು. ಕಾವ್ಯಕ್ಕೆ ಕವಿ ವೀರನಾರಾಯಣನೇ, ತಾನು ಬರಿಯ ಲಿಪಿಕಾರನೆಂಬುದು ಒಂದು. ಹಲಗೆ ಬಳಪಗಳ ಹಂಗಿಲ್ಲದೆ, ಒಮ್ಮೆ ಇಟ್ಟ ಪದವನ್ನು ಅಳಿಸದೆ ಬರೆದೆನೆಂಬುದು ಇನ್ನೊಂದು. ಇವೆರಡನ್ನು ಬೇರೆಬೇರೆಯಾಗಿ ಓದಿದರೆ ಮೊದಲನೆಯದು ವಿನಯವಾಗಿಯೂ ಎರಡನೆಯದು ಹೆಮ್ಮೆಯಾಗಿಯೂ ತೋರುವುವು. ಕೂಡಿಸಿ ಓದಿದರೆ ಅರ್ಥವೇ ಬೇರೆಯಾಗುವುದು. ಹೇಳುವವನು ದೇವರಾದ ಬಳಿಕ ಬರೆಯುವವನಿಗೆ ತಡೆದು ನಿಲ್ಲುವುದಕ್ಕೂ ಅಳಿಸಿ ತಿದ್ದುವುದಕ್ಕೂ ಆಸ್ಪದವೆಲ್ಲಿ? ಅಳಿಸದಿರುವುದು ಅಲ್ಲಿ ಚಾತುರ್ಯವಲ್ಲ, ವಿಧೇಯತೆ. ‘ಪದ’ವೆಂಬುದಕ್ಕೆ ಮಾತೆಂದೂ ಹೆಜ್ಜೆಯೆಂದೂ ಎರಡರ್ಥಗಳುಂಟು. ದೇವರು ನುಡಿದೊಡನೆ ಮಾತನ್ನು ಇಟ್ಟವನ ಮಾದರಿ ಗದುಗಿನ ಕಾವ್ಯದಲ್ಲಿದ್ದರೆ, ದೇವರು ನುಡಿದೊಡನೆ ಹೆಜ್ಜೆಯನ್ನು ಇಟ್ಟವನ ಮಾದರಿಯೊಂದು ಗದುಗಿಗೆ ಅಂಟಿಕೊಂಡಿರುವ ಬೆಟಗೇರಿಯಲ್ಲಿ ಬಹುಕಾಲದಿಂದ ಓದಲ್ಪಡುತ್ತ ಬಂದಿದೆ. ಅದು ಕ್ರಿಸ್ತಜನನದ ಕಥೆಯಲ್ಲಿ ಬರುವ ಯೋಸೇಫನ ಚರಿತ್ರೆ.

ಬಾಸೆಲ್ ಮಿಶನ್ನಿನವರು ಬೆಟಗೇರಿಯಲ್ಲಿ ನೆಲೆಯೂರಿದ್ದು 1841ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ, 1831ರ ಹೊತ್ತಿಗೆ, ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸನ ದುಡಿಮೆಯಿಂದ ಬೈಬಲ್ಲು ಕನ್ನಡಕ್ಕೆ ಇಳಿದಿತ್ತು. ಮುಂದೆ 1862ರಲ್ಲಿ ಕಿಟೆಲ್ ಪಂಡಿತನು ‘ಕಥಾಮಾಲೆ’ಯೆಂಬ ಕೃತಿಯಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀಯ ಛಂದಸ್ಸಿನಲ್ಲಿಯೇ ಹಾಡಿದನು. ಹೀಗೆ ಈ ಕಥೆ ಕನ್ನಡದ ಮನೆಯೊಳಗೆ ಬಂದು ಎರಡು ಶತಮಾನಗಳಾಗುತ್ತ ಬಂದರೂ ಅದನ್ನು ಮತದ ಗ್ರಂಥವೆಂದು ಪೂಜಿಸಿದವರು, ಇಲ್ಲವೆ ಪರಮತದ ಗ್ರಂಥವೆಂದು ದೂರ ಇಟ್ಟವರು ಹಲವರು. ಕಥನವೆಂದು ಕೂಲಂಕಷವಾಗಿ ಓದಿದವರು ಕೆಲವರು. ಓದಿದ್ದಾದರೆ, ದೇವರಾಜ್ಞೆಯನ್ನು ತಡಮಾಡದೆ ನಡೆಸುವುದೆಂದರೇನು ಎಂಬ ಪ್ರಶ್ನೆಗೆ ಅದರಲ್ಲಿ ಸೂಕ್ಷ್ಮವಾದ ಉತ್ತರ ದೊರೆಯುವುದು.

ಕ್ರಿಸ್ತಜನನವನ್ನು ಹೇಳುವ ಸುವಾರ್ತೆಗಳು ಎರಡು: ಮತ್ತಾಯನದು ಮತ್ತು ಲೂಕನದು. ಲೂಕನ ಕಥೆಯ ನಡುವೆ ಮರಿಯಳಿರುವಳು. ಮತ್ತಾಯನ ಕಥೆಯ ನಡುವೆ ಅವಳಿಗೆ ನಿಶ್ಚಿತನಾದ ಯೋಸೇಫನಿರುವನು. ಮದುವೆಗೆ ಮುಂಚೆಯೇ ಮರಿಯಳು ಗರ್ಭಿಣಿಯೆಂದು ತಿಳಿದಾಗ ಅವನು ಆಕೆಯನ್ನು ಊರಮುಂದೆ ಅವಮಾನಕ್ಕೆ ಗುರಿಮಾಡಲೊಲ್ಲದೆ ಗುಟ್ಟಾಗಿ ಬಿಟ್ಟುಬಿಡಬೇಕೆಂದು ಆಲೋಚಿಸುವನು. ಈ ಆಲೋಚನೆಯನ್ನು ಓದುಗರು ಲಘುವಾಗಿ ದಾಟಿಹೋಗಬಾರದು. ಯೋಸೇಫನು ಆಲೋಚಿಸಲಾರದವನಲ್ಲ, ಧರ್ಮಕ್ಕೂ ಕರುಣೆಗೂ ನಡುವೆ ಸಿಕ್ಕಿ, ಎರಡಕ್ಕೂ ಭಂಗಬಾರದ ದಾರಿಯನ್ನು ಹುಡುಕುವವನು. ಆ ದಾರಿ ಅವನಿಗೆ ದೊರೆತೂ ಇತ್ತು. ಅಷ್ಟರಲ್ಲಿ ಸ್ವಪ್ನದಲ್ಲಿ ದೇವದೂತನು ಬಂದು, ಆಕೆಯನ್ನು ಸ್ವೀಕರಿಸುವುದಕ್ಕೆ ಹೆದರಬೇಡವೆಂದು ಹೇಳುವನು. ಯೋಸೇಫನು ಎಚ್ಚತ್ತು ಹಾಗೆಯೇ ಮಾಡುವನು. ತಾನು ಕಷ್ಟಪಟ್ಟು ಕಟ್ಟಿಕೊಂಡ ನಿರ್ಧಾರವನ್ನು ಒಂದೇ ಬೆಳಗಿನಲ್ಲಿ ಬಿಟ್ಟುಕೊಡುವನು. ಅವನು ತೆತ್ತ ಬೆಲೆಯಾದರೂ ಏನು? ಊರವರ ಬಾಯಿಗೆ ಬೀಳದಂತೆ ಅವನು ಕಾಪಾಡಬಹುದಾಗಿದ್ದ ತನ್ನ ಮಾನ.

ಎರಡನೆಯ ಸ್ವಪ್ನದಲ್ಲಿ ಈ ಗುಣವು ಇನ್ನೂ ಸ್ಫುಟವಾಗುವುದು. ಹೆರೋದ ಅರಸನು ಮಗುವನ್ನು ಕೊಲ್ಲಲೆಳಸುವನು, ಎದ್ದು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಐಗುಪ್ತಕ್ಕೆ ಓಡಿಹೋಗಬೇಕೆಂದು ಆಜ್ಞೆಯಾಗುವುದು. ಆಜ್ಞೆಯಲ್ಲಿದ್ದ ಶಬ್ದಗಳನ್ನೇ ಮತ್ತಾಯನು ಮರುವಾಕ್ಯದಲ್ಲಿ ಕಾರ್ಯದ ಶಬ್ದಗಳನ್ನಾಗಿ ತಿರುಗಿಸುವನು: ಎದ್ದನು, ಕರೆದುಕೊಂಡನು, ಹೋದನು. ಗ್ರೀಕ್ ಮೂಲದಲ್ಲಿಯೂ ಇದೇ ಜೋಡಣೆಯಿದೆ. ಐಗುಪ್ತದಿಂದ ಹಿಂದಿರುಗುವಾಗ ಮತ್ತೊಮ್ಮೆ ಇದೇ ಬರುವುದು. ಕನ್ನಡಕ್ಕೆ ಈ ಕಟ್ಟು ಸಹಜವಾಗಿ ಒಗ್ಗಿದೆ. ‘ಎದ್ದು’, ‘ಕರೆದುಕೊಂಡು’ ಎಂಬ ಕೃದಂತಾವ್ಯಯಗಳು ಒಂದರ ಬೆನ್ನಿಗೊಂದು ನಡೆದು ಕ್ರಿಯಾಪದದಲ್ಲಿ ನೆಲೆಗೊಳ್ಳುವುದು ಕನ್ನಡ ವಾಕ್ಯದ ಹುಟ್ಟುಗುಣವೇ ಆಗಿದೆ. ಆಜ್ಞೆಗೂ ಕಾರ್ಯಕ್ಕೂ ನಡುವೆ ಕವಿಯು ಬೇರೊಂದು ಮಾತಿಗೆ ಎಡೆಗೊಡದಂತೆ, ಯೋಸೇಫನು ಬೇರೊಂದು ಗಳಿಗೆಗೆ ಎಡೆಗೊಡಲಿಲ್ಲ.

ಆದರೆ ಮಾತಿಗೆ ಮಾತು ಸರಿಗೂಡಿಸಿ ನೋಡಿದರೆ ಆಜ್ಞೆಯಲ್ಲಿಲ್ಲದ ಒಂದೇ ಒಂದು ಶಬ್ದವು ಕಾರ್ಯದಲ್ಲಿ ಹೆಚ್ಚಾಗಿ ಕಾಣುವುದು. ಅದು ‘ರಾತ್ರಿಯಲ್ಲಿ’ ಎಂಬುದು. ರಾತ್ರಿಯೇ ಹೊರಡೆಂದು ದೂತನು ಹೇಳಿದ್ದಿಲ್ಲ. ಬೆಳಗಾದ ಮೇಲೆ ಹೊರಟಿದ್ದರೂ ಆಜ್ಞೆ ಮೀರಿದಂತೆ ಆಗುತ್ತಿರಲಿಲ್ಲ. ಬಾಣಂತಿಯ ಮೈ, ಹಸುಗೂಸು, ಕಾಣದ ದೇಶ, ಕತ್ತಲ ಹಾದಿ: ಬೆಳಕು ಹರಿಯಲೆಂದು ಕಾಯುವುದಕ್ಕೆ ಯಾವ ಗೃಹಸ್ಥನಿಗಾದರೂ ಈ ಕಾರಣಗಳು ಸಾಲವೆ? ಯೋಸೇಫನಿಗೆ ಅವು ಸಾಲಲಿಲ್ಲ. ಆ ಒಂದು ಶಬ್ದದಲ್ಲಿ ಅವನ ಶೀಲವೆಲ್ಲವೂ ಅಡಗಿದೆ.

ಇಲ್ಲಿ ರಸಜ್ಞರು ಒಂದು ಆಕ್ಷೇಪವನ್ನು ತರಬಹುದು. ಮತ್ತಾಯನು ಯೋಸೇಫನ ಅಂತರಂಗವನ್ನು ವರ್ಣಿಸಿಲ್ಲ. ಕತ್ತಲೆಯಲ್ಲಿ ಮರಿಯಳನ್ನು ಎಬ್ಬಿಸುವಾಗ ಏನು ಹೇಳಿದನೆಂದು ತಿಳಿಸಿಲ್ಲ. ವಿಭಾವ ಅನುಭಾವಗಳ ಪೋಷಣೆಯಿಲ್ಲದ ಕಡೆ ರಸವೆಲ್ಲಿಯದು? ಆಕ್ಷೇಪವು ತಕ್ಕುದೇ. ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಯೋಸೇಫನ ಬಾಯಿಂದ ಬಂದ ಒಂದು ಮಾತೂ ದಾಖಲಾಗಿಲ್ಲ. ಆದರೆ ಇದನ್ನು ಬರಿಯ ಬಡತನವೆಂದು ಬಗೆಯುವುದಕ್ಕಿಂತ ಔಚಿತ್ಯವೆಂದು ಬಗೆಯುವುದೇ ಮೇಲು. ಮಾತಾಡುವವನು ತನ್ನ ವಿಧೇಯತೆಯನ್ನು ತಾನೇ ಕೇಳಿಸಿಕೊಳ್ಳುವನು. ಮಾತಾಡದವನಲ್ಲಿ ಅದು ಕಾಲಿಗೆ ಇಳಿಯುವುದು. ವಾಚ್ಯವಾಗಿ ಹೇಳದೆ ಉಳಿಸಿದುದೇ ಇಲ್ಲಿ ಧ್ವನಿಯಾಗಿದೆ.

ಈ ಮೌನದ ಬೆಲೆ ತಿಳಿಯಬೇಕಾದರೆ ಇದೇ ಸೀಮೆಯ ಲಕ್ಷ್ಮೇಶ್ವರದ, ಎಂದರೆ ಹಳೆಯ ಪುಲಿಗೆರೆಯ, ಆದಯ್ಯನ ಕಥೆಯನ್ನು ಎದುರಿಗಿಟ್ಟು ನೋಡಬೇಕು. ಹರಿಹರನು ರಗಳೆಯಲ್ಲಿಯೂ ಅವನ ಸೋದರಳಿಯನಾದ ರಾಘವಾಂಕನು ‘ಸೋಮನಾಥ ಚರಿತೆ’ಯಲ್ಲಿಯೂ ಹಾಡಿದ ಕಥೆಯದು. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಶಿವಭಕ್ತನಾದ ಆದಯ್ಯನು ಪುಲಿಗೆರೆಯ ಜೈನ ಮನೆತನದ ಪದ್ಮಾವತಿಯನ್ನು ವರಿಸುವನು. ಮುಂದೆ ಮಾವನ ಮನೆಯಲ್ಲಿ ಶಿವಭಕ್ತರಿಗೆ ಸಲ್ಲಬೇಕಾದ ಸತ್ಕಾರಕ್ಕೆ ಕುಂದು ಬಂದಿತೆಂದು ಕೆರಳಿ, ಸೌರಾಷ್ಟ್ರದ ಸೋಮನಾಥನನ್ನೇ ಪುಲಿಗೆರೆಗೆ ತರುವೆನೆಂದು ಪ್ರತಿಜ್ಞೆಮಾಡಿ ಹೊರಡುವನು. ಭಕ್ತನ ನುಡಿಗೆ ಕಟ್ಟುಬಿದ್ದು ಶಿವನೇ ಬಂದು ನೆಲಸುವನು. ಅಲ್ಲಿಯೂ ತ್ವರೆಯುಂಟು, ಪಯಣವುಂಟು, ಅಪಾರ ನಿಷ್ಠೆಯುಂಟು. ಆದರೆ ಆದಯ್ಯನ ತ್ವರೆ ಪ್ರತಿಜ್ಞೆಯ ತ್ವರೆ. ಮೊದಲು ಭಕ್ತನು ನುಡಿಯುವನು, ಬಳಿಕ ದೇವರು ನಡೆಯುವನು. ಯೋಸೇಫನ ಕಥೆಯಲ್ಲಿ ದೇವರು ನುಡಿಯುವನು, ಭಕ್ತನು ನಡೆಯುವನು. ಮೊದಲನೆಯದರಲ್ಲಿ ವೀರಭಕ್ತಿಯ ತೇಜಸ್ಸು ಹೆಚ್ಚು. ಅದು ಕೆರಳಿದ ಮಾನದಿಂದ ಹುಟ್ಟಿದುದು. ಎರಡನೆಯದು ಮಾನವನ್ನು ಬಿಟ್ಟುಕೊಟ್ಟುದರಿಂದ ಹುಟ್ಟಿದುದು. ಕಾವ್ಯವಾಗಿ ರಾಘವಾಂಕನ ಕೃತಿಯು ಎಷ್ಟೋ ಸಂಪನ್ನವಾದುದು. ಆದರೂ ಸಂಸಾರಿಯಾದ ಓದುಗನ ನಿತ್ಯದ ಬಾಳಿಗೆ ಹತ್ತಿರವಾದವನು ಆ ಬಡಗಿಯೇ.

ತ್ವರೆಯು ದಾರಿಯ ಉದ್ದವನ್ನಾಗಲಿ ವಿದ್ಯೆಯ ಪ್ರಮಾಣವನ್ನಾಗಲಿ ಅನುಸರಿಸುವುದಿಲ್ಲವೆಂಬುದನ್ನೂ ಮತ್ತಾಯನು ಹೇಳದೆ ಹೇಳಿರುವನು. ಮೂಡಣದೇಶದಿಂದ ನಕ್ಷತ್ರವನ್ನು ಕಂಡು ಬಂದವರನ್ನು ಕನ್ನಡ ಬೈಬಲ್ಲು ಜೋಯಿಸರೆಂದು ಕರೆದಿದೆ. ಪಂಚಾಂಗ ಹಿಡಿದು ಬಾಗಿಲಿಗೆ ಬರುವ ಜೋಯಿಸರನ್ನು ಕಂಡಿದ್ದ ಕನ್ನಡಿಗರಿಗೆ ಈ ಶಬ್ದವು ಎಷ್ಟು ಸಮೀಪದ್ದೆಂದು ಹೇಳಬೇಕಾದುದಿಲ್ಲ. ಜೋಯಿಸರು ಜೆರುಸಲೇಮಿಗೆ ಬಂದು ಕೇಳಿದಾಗ, ಹುಟ್ಟುವ ಊರು ಬೇತ್ಲೆಹೇಮೆಂದು ಶಾಸ್ತ್ರಿಗಳು ಗ್ರಂಥವನ್ನು ಆಧಾರಮಾಡಿ ಸರಿಯಾಗಿಯೇ ತಿಳಿಸುವರು. ಅಲ್ಲಿಂದ ಬೇತ್ಲೆಹೇಮು ಸುಮಾರು ಆರು ಮೈಲು. ಸಂತೆಗೆ ಹೋಗುವ ರೈತನು ಒಪ್ಪೊತ್ತಿನಲ್ಲಿ ನಡೆದು ಮುಗಿಸುವ ಹಾದಿ. ದೂರದಿಂದ ಬಂದವರು ಆ ಆರು ಮೈಲನ್ನು ನಡೆದರು. ಉತ್ತರ ಬಲ್ಲ ಶಾಸ್ತ್ರಿಗಳಲ್ಲಿ ಒಬ್ಬನಾದರೂ ಜೊತೆಗೆ ಹೊರಟನೆಂದು ಕಥೆಯಲ್ಲಿಲ್ಲ. ಸುಶಿಕ್ಷಿತರ ಮನೆಗಳಲ್ಲಿ ಈ ಭಾಗವನ್ನು ಓದುವಾಗ ಮನಸ್ಸಿಗೆ ತುಸು ನೋವಾಗುವುದು ಸಹಜ.

ಇಷ್ಟಕ್ಕೆ ನಿಲ್ಲಿಸಿ, ಆಜ್ಞೆಯಾದೊಡನೆ ನಡೆದುಬಿಡುವುದೇ ಧರ್ಮವೆಂದು ನೀತಿ ಹೇಳುವವರುಂಟು. ಕಥೆಯನ್ನು ಅರ್ಧ ಓದಿದವರ ನೀತಿಯದು. ಅದೇ ಅಧ್ಯಾಯದಲ್ಲಿ ಹೆರೋದನೂ ಆಜ್ಞಾಪಿಸಿರುವನು. ಬೇತ್ಲೆಹೇಮಿನ ಎರಡು ವರ್ಷದೊಳಗಿನ ಗಂಡುಕೂಸುಗಳನ್ನು ಕೊಲ್ಲುವುದಕ್ಕೆ ಅವನು ಕಳುಹಿದವರು ತಡಮಾಡಿದರೆಂದಾಗಲಿ ಎದುರಾಡಿದರೆಂದಾಗಲಿ ಕಥೆ ಹೇಳುವುದಿಲ್ಲ. ಅವರೂ ವಿಧೇಯರೇ, ಅವರೂ ಮೌನಿಗಳೇ. ಈ ಕೊಲೆಯ ಪ್ರಸ್ತಾಪವು ಆ ಕಾಲದ ಯೆಹೂದ್ಯರ ಇತಿಹಾಸವನ್ನು ವಿಸ್ತಾರವಾಗಿ ಬರೆದ ಜೋಸೀಫಸನ ಗ್ರಂಥದಲ್ಲಿ ಇಲ್ಲದಿರುವುದರಿಂದ ಅದು ನಡೆದುದೇ ಎಂದು ಸಂದೇಹಪಡುವ ವಿದ್ವಾಂಸರುಂಟು. ಇತಿಹಾಸದ ನಿರ್ಣಯವೇನಿದ್ದರೂ ಕಥೆಯಲ್ಲಿ ಅದಕ್ಕಿರುವ ಸ್ಥಾನ ಬದಲಾಗದು. ಒಂದು ಆಜ್ಞೆಗೆ ಒಬ್ಬನು ಕೂಸನ್ನು ಎತ್ತಿಕೊಂಡು ರಾತ್ರಿಯಲ್ಲಿ ಓಡುವನು. ಇನ್ನೊಂದು ಆಜ್ಞೆಗೆ ಹಲವರು ಕೂಸುಗಳ ಮೇಲೆ ಕತ್ತಿಯೆತ್ತುವರು. ಜೋಯಿಸರಾದರೋ ದೇವರ ಸೂಚನೆಗೆ ಕಿವಿಗೊಟ್ಟು, ಅರಸನಿಗೆ ಸುದ್ದಿ ಕೊಡದೆ ಬೇರೆ ದಾರಿಯಿಂದ ಸ್ವದೇಶಕ್ಕೆ ತೆರಳುವರು. ಅವರು ಅರಸನ ಮಾತನ್ನು ಮೀರಿದುದರಿಂದಲೇ ಕೂಸು ಬದುಕಿತು. ಆದುದರಿಂದ ತ್ವರೆಯೊಂದೇ ಗುಣವಲ್ಲ. ಯಾರ ಮಾತಿಗೆ, ಯಾರ ಪ್ರಾಣವನ್ನುಳಿಸುವುದಕ್ಕೆ ಎಂಬುದರಿಂದಲೇ ಅದು ಗುಣವೋ ದೋಷವೋ ಆಗುವುದು.

ಹಾಗಾದರೆ ಕೇಳಿ ತಿಳಿದುಕೊಳ್ಳುವುದಕ್ಕೆ ಎಡೆಯಿಲ್ಲವೆ? ಲೂಕನು ಇದಕ್ಕೆ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟಿರುವನು. ಮುಪ್ಪಿನಲ್ಲಿ ಮಗನಾಗುವನೆಂದು ಗಬ್ರಿಯೇಲನು ಹೇಳಿದಾಗ ಯಾಜಕನಾದ ಜಕರೀಯನು ಪ್ರಶ್ನಿಸಿ ಮೂಕನಾಗುವನು. ಮರಿಯಳೂ ಪ್ರಶ್ನಿಸುವಳು, ಆಕೆಗೆ ಉತ್ತರ ದೊರೆಯುವುದು. ಮೇಲ್ನೋಟಕ್ಕೆ ಪಕ್ಷಪಾತದಂತೆ ಕಾಣುವ ಇದರಲ್ಲಿ ಭೇದವುಂಟು. ಜಕರೀಯನು ಕೇಳಿದುದು ನಂಬುವುದಕ್ಕೆ ಕುರುಹನ್ನು; ಮರಿಯಳು ಕೇಳಿದುದು ನಡೆಯುವ ಬಗೆಯನ್ನು. ಒಪ್ಪಿಕೊಂಡ ಬಳಿಕ ಆಕೆಯು ಯಾರೂ ಹೇಳದಿದ್ದರೂ ಬೆಟ್ಟದ ಸೀಮೆಯಲ್ಲಿದ್ದ ಎಲಿಸಬೇತಳ ಮನೆಗೆ ಅವಸರವಾಗಿ ನಡೆಯುವಳು. ಇದೇ ಮಾತು ಕುರುಬರ ವಿಷಯದಲ್ಲಿಯೂ ಬರುವುದು. ಹೊಲದಲ್ಲಿ ಸುದ್ದಿ ಕೇಳಿದ ಅವರೂ ಅವಸರವಾಗಿಯೇ ಗೋದಲಿಗೆ ಬರುವರು. ಕನ್ನಡದ ಓದುಗನಿಗೆ ಇಲ್ಲಿ ಗದುಗಿನ ಭಾರತದ ಭೀಷ್ಮಪರ್ವವು ನೆನಪಾಗದಿರದು. ಅರ್ಜುನನು ಬಿಲ್ಲನ್ನು ಚೆಲ್ಲಿ ಕುಳಿತು, ಸಂಶಯಗಳನ್ನೆಲ್ಲ ತೋಡಿಕೊಂಡು, ಕಡೆಗೆ ಕೃಷ್ಣನ ಮಾತಿನಂತೆ ನಡೆಯುವೆನೆಂದು ಎದ್ದುನಿಲ್ಲುವನು. ಕೊಲ್ಲುವ ಕಾರ್ಯಕ್ಕೆ ಇಳಿಯುವವನು ಅಷ್ಟು ಕೇಳಿದುದು ಯುಕ್ತವೇ. ಕಾಯುವ ಕಾರ್ಯಕ್ಕೆ ಕರೆಬಂದವನು ರಾತ್ರಿಯೇ ಹೊರಟುದೂ ಅಷ್ಟೇ ಯುಕ್ತ. ತಡವೂ ತ್ವರೆಯೂ ತಮ್ಮಷ್ಟಕ್ಕೆ ಒಳ್ಳೆಯವಲ್ಲ, ಕೆಟ್ಟವಲ್ಲ.

ಯೋಸೇಫನ ವಿಧೇಯತೆ ಕಣ್ಣುಮುಚ್ಚಿದುದಲ್ಲವೆಂಬುದಕ್ಕೆ ಕಥೆಯ ಕೊನೆಯೇ ಸಾಕ್ಷಿ. ಹೆರೋದನು ಸತ್ತ ಮೇಲೆ ಹಿಂದಿರುಗೆಂದು ಮೂರನೆಯ ಸ್ವಪ್ನದಲ್ಲಿ ಅಪ್ಪಣೆಯಾಗಲು ಅವನು ಎಂದಿನಂತೆ ಎದ್ದು ಹೊರಡುವನು. ಆದರೆ ಹೆರೋದನ ಮಗ ಅರ್ಖೆಲಾಯನು ಆಳುತ್ತಿರುವನೆಂದು ಕೇಳಿ ಅಲ್ಲಿಗೆ ಹೋಗಲು ಹೆದರುವನು. ಆ ಹೆದರಿಕೆಯನ್ನು ದೇವರು ಜರೆಯಲಿಲ್ಲ; ನಾಲ್ಕನೆಯ ಸ್ವಪ್ನವು ಅದನ್ನೇ ಎತ್ತಿಹಿಡಿದು ಗಲಿಲಾಯದ ಕಡೆಗೆ ದಾರಿತೋರುವುದು. ಮೊದಲು ಹೊರಟವನಿಗೆ ಮುಂದಿನ ದಾರಿ ನಡುಹಾದಿಯಲ್ಲಿ ತಿಳಿಯಿತು. ಮನೆಯಲ್ಲಿಯೇ ಕುಳಿತು ಎಲ್ಲವೂ ನಿಚ್ಚಳವಾಗಲೆಂದು ಕಾದಿದ್ದರೆ ತಿಳಿಯುತ್ತಿದ್ದಿಲ್ಲ.

ನಜರೇತಿಗೆ ಬಂದ ಬಳಿಕ ಯೋಸೇಫನು ಸುವಾರ್ತೆಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದಿಲ್ಲ. ಹುಡುಗನು ಹನ್ನೆರಡು ವರ್ಷದವನಾಗಿದ್ದಾಗ ದೇವಾಲಯದಲ್ಲಿ ತಪ್ಪಿಸಿಕೊಂಡ ಪ್ರಸಂಗದಲ್ಲೊಮ್ಮೆ ಇರುವನು. ಅಲ್ಲಿಯೂ ಮಗನನ್ನು ಕುರಿತು ಮಾತಾಡುವವಳು ತಾಯಿಯೇ. ತನ್ನ ಕೆಲಸ ಮುಗಿಯಿತೆಂದು ಹೇಳಿಕೊಳ್ಳುವುದಕ್ಕೂ ಅವನು ಬಾಯಿ ತೆರೆಯಲಿಲ್ಲ. ಕಾವ್ಯವನ್ನು ಬರೆದು ಕವಿಯ ಹೆಸರನ್ನು ವೀರನಾರಾಯಣನಿಗೆ ಬಿಟ್ಟುಕೊಟ್ಟ ಗದುಗಿನ ಲಿಪಿಕಾರನಿಗೂ, ಕೂಸನ್ನು ಉಳಿಸಿ ಕಥೆಯಿಂದ ಸರಿದುಹೋದ ನಜರೇತಿನ ಬಡಗಿಗೂ ದೇಶ ಬೇರೆ, ಕಾಲ ಬೇರೆ, ಮತ ಬೇರೆ. ಆದರೂ ಒಬ್ಬನು ಇಟ್ಟ ಪದವನ್ನು ಅಳಿಸಲಿಲ್ಲ. ಇನ್ನೊಬ್ಬನು ಇಟ್ಟ ಹೆಜ್ಜೆಯನ್ನು ಹಿಂದೆಗೆಯಲಿಲ್ಲ. ಗದಗಕ್ಕೂ ಬೆಟಗೇರಿಗೂ ನಡುವಣ ಅಂತರವು ನಕ್ಷೆಯಲ್ಲಿ ಎಷ್ಟು ಕಿರಿದೋ ಈ ಎರಡು ಓದುಗಳ ನಡುವಣ ಅಂತರವೂ ಅಷ್ಟೇ ಕಿರಿದೆಂದು ಎರಡನ್ನೂ ಓದಿದ ವಾಚಕರಿಗೆ ತೋರದಿರದು.